ಒಗೆಯೋದು ಮಷೀನು, ಉಳಿದದ್ದು ಯಾರು?

ಎಲ್ಲರಿಗೂ ಶರಣು. ಇವತ್ತು ಬಟ್ಟೆ ಒಗೆಯೋದರ ಬಗ್ಗೆ ಮಾತಾಡ್ತೀನಿ. ಇದೇನು ದೊಡ್ಡ ವಿಷಯ ಅಂತ ವಿಡಿಯೋ ಮುಂದಕ್ಕೆ ಓಡಿಸಬೇಡಿ. ಮನೆಯಲ್ಲಿ ಐದಾರು ಜನ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು, ಮಕ್ಕಳು ಸಾಲಿಗೆ ಹೋಗೋರು, ವಯಸ್ಸಾದ ಅತ್ತೆ ಮಾವ ಜೊತೆಗೆ, ಇಂಥ ಮನೆಯಲ್ಲಿ ಮೂಲೆಯ ಬುಟ್ಟಿಯ ಬಟ್ಟೆ ಒಂದು ದಿನವೂ ಪೂರ್ತಿ ಖಾಲಿ ಆಗಲ್ಲ. ಅದನ್ನು ನೋಡಿಕೊಳ್ಳೋರಿಗೆ ಅದು ದೊಡ್ಡ ವಿಷಯವೇ.

ನನ್ನ ಮಾತು ಇಷ್ಟು. ಒಗ್ಯಾಣದಲ್ಲಿ ಒಗೆಯೋದು ಸಣ್ಣ ಪಾಲು. ಅದನ್ನು ಮಷೀನು ಮಾಡುತ್ತದೆ. ಹಾಸಿಗೆ ಕೆಳಗೆ, ಬಾಗಿಲ ಹಿಂದೆ, ಕುರ್ಚಿ ಮೇಲೆ ಬಿದ್ದ ಬಟ್ಟೆ ಆರಿಸಬೇಕು, ಜೇಬು ನೋಡಬೇಕು, ಬಣ್ಣ ಬಿಡೋದನ್ನು ಬೇರೆ ಮಾಡಬೇಕು, ಕಾಲರ್ ತಿಕ್ಕಬೇಕು, ಮಾಳಿಗೆಗೆ ಹೊರಬೇಕು, ಝಾಡಿಸಿ ಹಾಕಬೇಕು, ಒಣಗಿದ್ದನ್ನು ತರಬೇಕು, ಮಡಚಬೇಕು, ಯಾರದು ಯಾರಿಗೆ ಅಂತ ಹಂಚಬೇಕು, ಮತ್ತೆ ಇದೆಲ್ಲದರ ಮೇಲೆ ನಾಳೆ ಗುರುವಾರ, ಮಗನಿಗೆ ಬಿಳಿ ಯೂನಿಫಾರ್ಮ್ ಬೇಕು ಅಂತ ಬುಧವಾರವೇ ನೆನಪಿಡಬೇಕು. ಇದೆಲ್ಲ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಒಬ್ಬಳೇ ಹೆಣ್ಣುಮಗಳ ಮೇಲಿದೆ. ಇದನ್ನು ಹಂಚಿಕೊಳ್ಳಬೇಕು. ಇದೇ ನನ್ನ ವಾದ.

ಆದರೆ ಮೊದಲು ನಮ್ಮೂರಿನ ಕಥೆ ಹೇಳಬೇಕು. ಬೆಂಗಳೂರಿನವರೋ ಮುಂಬೈಯವರೋ ಯೂಟ್ಯೂಬಲ್ಲಿ ಹೇಳೋ ಉಪಾಯ ಕಲಬುರಗಿಯಲ್ಲಿ ನಡೆಯೋದು ಕಷ್ಟ. ದಿನಾ ಒಂದು ಲೋಡ್ ಹಾಕಿ, ಹೊರೆ ಆಗಲ್ಲ ಅಂತಾರೆ. ಹಾಕೋಣ, ನೀರೆಲ್ಲಿ? ಇಲ್ಲಿ ಒಗ್ಯಾಣದ ದಿನ ಯಾವುದು ಅಂತ ತೀರ್ಮಾನ ಮಾಡೋದು ನಾವಲ್ಲ, ನಳ. ಭೀಮಾ ನದಿಯಿಂದ, ಬೆಣ್ಣೆತೊರಾ ಜಲಾಶಯದಿಂದ ನಮ್ಮ ನಗರಕ್ಕೆ ನೀರು ಬರುತ್ತದೆ, ಆದರೆ ಎಷ್ಟೋ ಬಡಾವಣೆಗಳಿಗೆ ನಳ ದಿನಾ ಬರಲ್ಲ. ಬಂದ ದಿನ ಟಾಕಿ ತುಂಬಬೇಕು, ಡ್ರಮ್ಮು, ಕೊಡ, ಬಕೀಟು ಎಲ್ಲ ತುಂಬಬೇಕು, ಅದೇ ಹೊತ್ತಿಗೆ ಮಷೀನೂ ಓಡಬೇಕು, ಅದೇ ಹೊತ್ತಿಗೆ ಡಬ್ಬಿ ಕಟ್ಟಬೇಕು, ಆಫೀಸಿಗೂ ಹೊರಡಬೇಕು. ಉಳಿದ ದಿನ ಬೋರಿನ ನೀರೇ ಗತಿ.

ಈ ಬೋರಿನ ನೀರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕೆಂದರೆ ನಮ್ಮ ಅರ್ಧ ತೊಂದರೆಯ ಬೇರು ಅಲ್ಲೇ ಇದೆ. ನಮ್ಮ ಜಿಲ್ಲೆಯ ನೆಲದ ಕೆಳಗೆ ದೊಡ್ಡ ಭಾಗದಲ್ಲಿ ಇರೋದು ಸುಣ್ಣಕಲ್ಲು. ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದಿರೋದು ಅದಕ್ಕೇ. ನಾವು ಹಿತ್ತಲಲ್ಲಿ ಬಟ್ಟೆ ಒಗೆಯೋ ಶಹಾಬಾದ್ ಪರಸಿಯೂ ಅದೇ ಕಲ್ಲು. ನೀರು ಆ ಕಲ್ಲಿನ ಸಂದಿಯಲ್ಲಿ ಇಳಿದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಆ ನೀರಿಗೆ ಸಾಬೂನು ಹಾಕಿದರೆ ನೊರೆ ಬರೋ ಬದಲು ಬಿಳಿ ಗಸಿ ಕೂಡುತ್ತದೆ. ಗಸಿ ನೀರಲ್ಲಿ ಕರಗಲ್ಲ, ಬಟ್ಟೆಗೆ ಅಂಟುತ್ತದೆ. ಬಿಳಿ ಬನಿಯನ್ ವರ್ಷದೊಳಗೆ ಬೂದಿ ಬಣ್ಣ ಆಗೋದು, ಟವೆಲ್ಲು ಒಣಗಿದ ಮೇಲೆ ಹಪ್ಪಳದ ಹಾಗೆ ಸೆಟೆದು ನಿಲ್ಲೋದು ಇದರಿಂದ.

ಆಗ ಮನೆಯಲ್ಲಿ ಏನಂತಾರೆ? ಸರಿಯಾಗಿ ಒಗೆದಿಲ್ಲ ಅಂತಾರೆ. ಇದು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ತಪ್ಪು ನೀರಿನದು, ಮಾತು ಕೇಳೋಳು ಮನೆಯ ಹೆಣ್ಣುಮಗಳು. ಆಕೆ ಇನ್ನೊಂದು ಚಮಚ ಪೌಡರ್ ಜಾಸ್ತಿ ಹಾಕುತ್ತಾಳೆ. ಗಡಸು ನೀರಿಗೆ ಸ್ವಲ್ಪ ಜಾಸ್ತಿ ಬೇಕು, ಅದು ಸರಿ, ಪ್ಯಾಕೆಟ್ ಮೇಲೂ ಬರೆದಿರುತ್ತಾರೆ. ಆದರೆ ಒಂದು ಅಳತೆ ಮೀರಿದರೆ ಪೌಡರೇ ಬಟ್ಟೆಯಲ್ಲಿ ಉಳಿಯುತ್ತದೆ, ಅದನ್ನು ಜಾಲಿಸೋಕೆ ಮತ್ತೆ ನೀರು ಬೇಕು, ಆ ನೀರು ಇಲ್ಲ.

ನಮ್ಮ ಮನೆಯಲ್ಲಿ ಮಾಡೋದು ಹೀಗೆ. ಮೊದಲ ಒಗೆತ ಬೋರಿನ ನೀರಲ್ಲಿ, ಕೊನೆಯ ಜಾಲಿಸೋದು ನಳದ ನೀರಲ್ಲಿ. ನದಿ ನೀರು ಸಾಮಾನ್ಯವಾಗಿ ಬೋರಿಗಿಂತ ಮೆದು. ಒಂದು ಡ್ರಮ್ಮು ಅದಕ್ಕೇ ಅಂತ ತೆಗೆದಿಟ್ಟಿದ್ದೇವೆ. ಈ ಕಾರಣಕ್ಕೇ ನಾನು ಸೆಮಿ ಆಟೋಮ್ಯಾಟಿಕ್ ಮಷೀನಿನ ಪರ. ಅಂಗಡಿಯಲ್ಲಿ ಹೋದರೆ ಫುಲ್ ಆಟೋಮ್ಯಾಟಿಕ್ ತೊಗೊಳ್ಳಿ ಮೇಡಂ ಅಂತ ಹತ್ತು ಸಲ ಹೇಳ್ತಾರೆ. ಅದು ಒಳ್ಳೆಯದೇ, ಆದರೆ ಅದಕ್ಕೆ ನಳದಲ್ಲಿ ನೀರು ಇರಬೇಕು, ಒತ್ತಡ ಇರಬೇಕು. ಸೆಮಿಯಲ್ಲಿ ಬಕೀಟಿನಿಂದ ನೀರು ಹಾಕಬಹುದು, ಬಿಳಿ ಬಟ್ಟೆ ಒಗೆದ ನೀರಲ್ಲೇ ಬಣ್ಣದ ಬಟ್ಟೆ ಹಾಕಬಹುದು, ಅದೇ ನೀರಲ್ಲಿ ಕಾಲೊರೆಸು ನೆನೆಸಬಹುದು, ಕೊನೆಗೆ ಅಂಗಳ ತೊಳೆಯಬಹುದು. ಕರೆಂಟು ಹೋದರೂ ನಡುವೆ ಕೈಹಾಕಿ ಬಟ್ಟೆ ತೆಗೆಯಬಹುದು. ನಿಮ್ಮ ಮನೆಗೆ ದಿನಾ ನೀರು ಇದ್ದರೆ ಬೇರೆ ಮಾತು.

ಒಣಗಿಸೋ ವಿಷಯದಲ್ಲಿ ಮಾತ್ರ ನಮ್ಮ ಊರು ನಮಗೆ ಕೈ ಕೊಡಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ಬಿಸಿಲು, ಒಣ ಗಾಳಿ. ಸಾಲಿನ ಆ ತುದಿಗೆ ಬಟ್ಟೆ ಹಾಕೋದರೊಳಗೆ ಈ ತುದಿಯ ತೆಳು ಸೀರೆ ಒಣಗಿರುತ್ತದೆ. ಆದರೆ ಅದೇ ಬಿಸಿಲು ಬಣ್ಣ ತಿಂತದೆ. ಬಟ್ಟೆ ಒಳಮೈ ಹೊರಗೆ ಮಾಡಿ ಹಾಕಿ, ಒಣಗಿದ ಕೂಡಲೇ ತನ್ನಿ. ಸಂಜೆವರೆಗೂ ಬಿಟ್ಟರೆ ಧೂಳು ಕೂಡುತ್ತದೆ, ಒಂದು ಬಿರುಗಾಳಿ ಬಂದರೆ ಎಲ್ಲ ಮತ್ತೆ ಒಗೆಯಬೇಕು. ಮಧ್ಯಾಹ್ನ ಮಾಳಿಗೆ ಟಾಕಿಯ ನೀರು ಕೈ ಇಡೋಕಾಗದಷ್ಟು ಕಾದಿರುತ್ತದೆ ಅಲ್ವಾ, ಎಣ್ಣೆ ಜಿಡ್ಡಿಗೆ ಆ ನೀರು ಒಳ್ಳೆಯದು, ರಕ್ತದ ಕಲೆಗೆ ಮಾತ್ರ ಬೇಡ. ಬಿಸಿ ನೀರು ತಾಗಿದರೆ ಆ ಕಲೆ ಕೂತೇಬಿಡುತ್ತದೆ. ತಣ್ಣೀರೇ ಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿಕೊಂಡು ಬಂದ ಪ್ಯಾಂಟನ್ನು ಹಸಿಯಾಗಿರುವಾಗ ತಿಕ್ಕಬೇಡಿ, ಮಣ್ಣು ಇನ್ನೂ ಒಳಗೆ ಇಳಿಯುತ್ತದೆ. ಒಣಗಲಿ, ಉದುರಿಸಿ, ಆಮೇಲೆ ನೆನೆಸಿ.

ಇನ್ನೊಂದು. ಮೈಗೆ ತಾಗೋ ಒಳಬಟ್ಟೆ, ಸಾಕ್ಸು, ಬೆವರಿದ ಅಂಗಿ ಪ್ರತಿದಿನ ಒಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಗಂಟೆ ಶರಣಬಸವೇಶ್ವರ ಗುಡಿಗೆ ಉಟ್ಟು ಹೋದ ಸೀರೆ, ಸಂಜೆ ಮದುವೆ ಊಟಕ್ಕೆ ಹಾಕಿದ ಕುರ್ತಾ, ಜೀನ್ಸು, ಇವನ್ನೆಲ್ಲ ಸುಮ್ನೆ ಬುಟ್ಟಿಗೆ ಎಸೆಯೋದು ಯಾಕೆ? ಗಾಳಿಗೆ ಹಾಕಿ ಒಳಗಿಡಬಹುದು. ಬುಟ್ಟಿಗೆ ಎಸೆಯೋದು ಸುಲಭ, ಅದನ್ನು ತೆಗೆದು ಒಗೆದು ಮಡಚೋರು ಬೇರೆಯವರು. ಎಸೆಯೋರೇ ಒಗೆಯೋರಾದರೆ ಎಸೆಯೋ ಬಟ್ಟೆ ತಾನೇ ಕಡಿಮೆ ಆಗುತ್ತದೆ, ಇದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೀನಿ.

ಈಗ ಹಂಚಿಕೊಳ್ಳೋ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2019ರಲ್ಲಿ ಒಂದು ಸಮೀಕ್ಷೆ ಮಾಡಿತು, ಜನ ದಿನದ ಹೊತ್ತನ್ನು ಯಾವುದಕ್ಕೆ ಕಳೆಯುತ್ತಾರೆ ಅಂತ. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡೋ ಹೆಣ್ಣುಮಕ್ಕಳು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಮಾಡೋ ಗಂಡಸರು 97 ನಿಮಿಷ. 2024ರಲ್ಲಿ ಅದೇ ಸಮೀಕ್ಷೆ ಮತ್ತೆ ಆಯಿತು. ಹೆಣ್ಣುಮಕ್ಕಳದು 289, ಗಂಡಸರದು 88. ಕಳೆದು ನೋಡಿ. ಆಗ ಅಂತರ 202 ನಿಮಿಷ, ಐದು ವರ್ಷ ಆದಮೇಲೆ 201. ಇದರೊಳಗೆ ಎಷ್ಟು ಮನೆಗೆ ಮಷೀನು ಬಂತು, ಮಿಕ್ಸರ್ ಬಂತು, ಗ್ಯಾಸು ಬಂತು! ಅಂತರ ಮಾತ್ರ ಒಂದು ನಿಮಿಷ ಸರಿಯಿತು. ಅದೂ ಕೆಲಸ ಮಾಡೋ ಗಂಡಸರ ಲೆಕ್ಕ. ಮನೆಗೆಲಸಕ್ಕೆ ಕೈ ಹಚ್ಚೋ ಗಂಡಸರೇ 2019ರಲ್ಲಿ ನೂರಕ್ಕೆ 26 ಮಂದಿ ಇದ್ದರು.

ಬಟ್ಟೆ ಒಗೆಯೋದು ಹೆಂಗಸರ ಕೆಲಸ, ಗಂಡಸರಿಗೆ ಅವಮಾನ ಅನ್ನೋರು ನಮ್ಮ ಕಡೆ ಇನ್ನೂ ಇದ್ದಾರೆ. ಮಾಳಿಗೆ ಮೇಲೆ ಬಟ್ಟೆ ಹಾಕಿದರೆ ಓಣಿಯವರು ನೋಡ್ತಾರಂತೆ. ನೋಡಲಿ. ಇಲ್ಲಿಂದ ಬಸವಕಲ್ಯಾಣ ಎಷ್ಟು ದೂರ? ಹನ್ನೆರಡನೇ ಶತಮಾನದಲ್ಲಿ ಮಡಿವಾಳ ಮಾಚಯ್ಯನವರು ಅಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದರು, ಅದೇ ಅವರ ಕಾಯಕ, ಅದಕ್ಕೇ ಅವರಿಗೆ ಅಷ್ಟು ಗೌರವ. ಫೆಬ್ರವರಿ 1ಕ್ಕೆ ಅವರ ಜಯಂತಿ ಮಾಡುತ್ತೇವೆ, ಫೋಟೋಕ್ಕೆ ಹಾರ ಹಾಕುತ್ತೇವೆ, ಭಾಷಣ ಕೇಳುತ್ತೇವೆ. ಒಬ್ಬ ಗಂಡಸು ಒಗ್ಯಾಣ ಮಾಡಿ ಶರಣನಾದ ನೆಲ ಇದು. ಈ ನೆಲದಲ್ಲಿ ನಿಂತು ಒಗೆಯೋದು ಸಣ್ಣ ಕೆಲಸ, ಹೆಂಗಸರ ಕೆಲಸ ಅನ್ನೋದನ್ನು ನಾನು ಒಪ್ಪಲ್ಲ. ಅದನ್ನೇ ಕುಲಕಸುಬಾಗಿ ಮಾಡಿಕೊಂಡು ಬಂದವರ ಮುಂದೆ ಹಾಗೆ ಅನ್ನೋದಂತೂ ಬಹಳ ಕೆಟ್ಟದ್ದು.

ಹಂಚೋದು ಹೇಗೆ? ನಾನು ವೇಳಾಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿ ಅಂತ ಹೇಳಲ್ಲ. ಬರೆಯೋದೂ, ಅದರ ಪ್ರಕಾರ ಆಯ್ತಾ ಅಂತ ನೋಡೋದೂ ಮತ್ತೆ ಅವಳ ತಲೆಗೇ ಬರುತ್ತದೆ. ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಒಬ್ಬರಿಗೆ ಕೊಡಿ. ನಮ್ಮ ಮನೆಯಲ್ಲಿ ಮಾಳಿಗೆ ಪೂರ್ತಿ ನಮ್ಮ ಮನೆಯವರದು. ಹಾಕೋದು, ಮೋಡ ಕಂಡರೆ ಓಡೋದು, ತರೋದು, ಕ್ಲಿಪ್ಪು ಒಡೆದರೆ ಹೊಸದು ತರೋದು, ಎಲ್ಲ. ನಾನು ನೆನಪು ಮಾಡಲ್ಲ. ಇದೇ ಮುಖ್ಯ. ಹೇಳಿದರೆ ಮಾಡ್ತೀನಿ ಅನ್ನೋರು ಬಹಳ ಜನ ಇದ್ದಾರೆ, ಅವರಿಗೆ ನನ್ನದೊಂದು ವಿನಂತಿ: ಅಣ್ಣಾ, ಆ ಹೇಳೋದೇ ಅರ್ಧ ಕೆಲಸ. ಬುಟ್ಟಿ ತುಂಬಿರೋದು ನಿಮ್ಮ ಕಣ್ಣಿಗೂ ಕಾಣುತ್ತದೆ.

ಮಕ್ಕಳ ವಿಷಯಕ್ಕೆ ಬಂದರೆ, ಏಳು ವರ್ಷದ ಹುಡುಗಿ ಸಾಕ್ಸು ಜೋಡಿ ಮಾಡಬಲ್ಲಳು. ಹತ್ತು ವರ್ಷದ ಹುಡುಗ ತನ್ನ ಅಂಗಿ ಮಡಚಬಲ್ಲ, ಮಡಿಕೆ ಸೊಟ್ಟ ಇದ್ದರೆ ಇರಲಿ, ಬಿಚ್ಚಿ ಮತ್ತೆ ಮಡಚಬೇಡಿ. ಹೈಸ್ಕೂಲಿಗೆ ಹೋಗೋನಿಗೆ ಮಷೀನು ಓಡಿಸೋದು ಬರಬೇಕು. ಮೊಬೈಲಿನ ಎಲ್ಲ ಸೆಟ್ಟಿಂಗು ಗೊತ್ತಿರೋನಿಗೆ ಎರಡು ಗುಂಡಿ ತಿರುಗಿಸೋದು ಕಷ್ಟ ಏನಲ್ಲ. ಮಗಳಿಗೆ ಕಲಿಸಿ ಮಗನನ್ನು ಬಿಡೋದು ಬೇಡ, ಇದನ್ನು ಮನೆಯ ದೊಡ್ಡವರಿಗೆ ಗೌರವದಿಂದಲೇ ಹೇಳ್ತೀನಿ. ಅತ್ತೆಯವರೇ, ನೀವು ಹಳ್ಳಕ್ಕೆ ಗಂಟು ಹೊತ್ತು ಹೋಗಿ ಕಲ್ಲಿಗೆ ಬಡಿದು ಒಗೆದವರು. ಅದರ ನೋವು ಇವತ್ತೂ ನಿಮ್ಮ ಸೊಂಟದಲ್ಲಿದೆ. ಮೊಮ್ಮಗ ತನ್ನ ಬಟ್ಟೆ ತಾನು ಮಡಚಿದರೆ ಅವನ ಬೆಲೆ ಕಡಿಮೆ ಆಗಲ್ಲ.

ಬೆಳಿಗ್ಗೆ 'ಅವ್ವಾ, ನನ್ನ ಸಾಕ್ಸ್ ಎಲ್ಲಿ ಅದಾವ?' ಅಂತ ಕೂಗು ಬಂದರೆ ಉತ್ತರ ಕೊಡಬೇಡಿ. ಅವನ ಬಟ್ಟೆ ಇಡೋ ಜಾಗ ಅವನಿಗೇ ಗೊತ್ತಿರಲಿ. ಎರಡು ದಿನ ಬೇರೆ ಬೇರೆ ಬಣ್ಣದ ಸಾಕ್ಸು ಹಾಕಿಕೊಂಡು ಹೋಗ್ತಾನೆ, ಮೂರನೇ ದಿನ ತಾನೇ ಹುಡುಕಿ ಇಟ್ಟುಕೊಳ್ತಾನೆ.

ಕೊನೆಗೆ ಕೌದಿ. ದಸರಾ ಹತ್ತಿರ ಬಂತೆಂದರೆ ಮನೆಯ ಹಾಸಿಗೆ, ಹೊದಿಕೆ, ಪರದೆ ಎಲ್ಲ ಹೊರಗೆ ಬೀಳುತ್ತವೆ. ಕೌದಿ ಮಷೀನಿಗೆ ಹಾಕೋಕೆ ಬರಲ್ಲ. ಹಳೆ ಸೀರೆ, ಧೋತರ ಒಂದರ ಮೇಲೊಂದು ಇಟ್ಟು ಹೊಲಿದದ್ದು, ನೀರು ಕುಡಿದರೆ ಎತ್ತೋಕೆ ಇಬ್ಬರು ಬೇಕು, ಮಷೀನಿನ ಡ್ರಮ್ಮು ಆ ಭಾರ ತಡೆಯಲ್ಲ, ಹೊಲಿಗೆಯೂ ಕಿತ್ತು ಬರುತ್ತದೆ. ಪರಸಿ ಮೇಲೆ ಹಾಸಿ, ಬ್ರಷ್ಷಿಂದ ಉಜ್ಜಿ, ಕಾಲಿಂದ ತುಳಿದು, ಎರಡು ತುದಿ ಇಬ್ಬರು ಹಿಡಿದು ಹಿಂಡಬೇಕು. ನಾಲ್ಕು ಕೌದಿ ಅಂದರೆ ಒಂದು ಪೂರ್ತಿ ದಿನ. ಹಬ್ಬದ ಅಡುಗೆ, ಬಂದವರು ಹೋದವರು ಎಲ್ಲದರ ನಡುವೆ ಈ ದಿನವನ್ನೂ ಹೆಂಗಸರೇ ಹುಡುಕಬೇಕು ಅಂದರೆ ಆಗಲ್ಲ. ಆದ್ದರಿಂದ ಈ ಸಲ ದಸರಾಕ್ಕೆ ಮುಂಚಿನ ಭಾನುವಾರ ನಮ್ಮ ಮನೆಯವರಿಗೆ, ಮೈದುನನಿಗೆ, ಮಗನಿಗೆ ಅಂತ ಈಗಲೇ ಹೇಳಿಟ್ಟಿದ್ದೀನಿ. ಮೂವರೂ ಹೂಂ ಅಂದಿದ್ದಾರೆ. ಬ್ರಷ್ಷು ತರೋದು ಮೈದುನನ ಪಾಲಿಗೆ.