ಹಣ್ಣಿಗೆ ನಂಜಿಕೊಳ್ಳಲು ಒಂದು ಸಿಹಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹಣ್ಣು ಹೆಚ್ಚಿ, ಮೇಲೆ ಎರಡು ಚಮಚ ಸಕ್ಕರೆ ಉದುರಿಸಿ ಇಟ್ಟು ನೋಡಿ. ಕಾಲು ಗಂಟೆಯೊಳಗೆ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತದೆ. ಆ ನೀರು ಎಲ್ಲಿಂದಲೋ ಬಂದದ್ದಲ್ಲ, ಹಣ್ಣಿನೊಳಗೇ ಇದ್ದ ರಸ. ಸಕ್ಕರೆ ಅದನ್ನು ಹೊರಗೆ ಎಳೆದುಕೊಂಡಿರುತ್ತದೆ. ಸೇಬು ಆಗಲೇ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬಾಳೆಹಣ್ಣು ಲೋಳೆಯಾಗಿರುತ್ತದೆ. ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಯವರಿಗೆ ಚೆನ್ನಾಗಿರುವ ಫ್ರೂಟ್ ಸಲಾಡ್, ಕೊನೆಯ ಪಂಕ್ತಿಗೆ ಬರುವ ಹೊತ್ತಿಗೆ ಸಿಹಿನೀರಾಗಿರುವುದು ಇದಕ್ಕೇ.

ಅದಕ್ಕೆ ನನ್ನ ಮಾತು ಇಷ್ಟು. ಹಣ್ಣು ಬೇರೆ ಇರಲಿ, ಸಿಹಿ ಬೇರೆ ಇರಲಿ. ಹಣ್ಣಿನ ಹೋಳನ್ನು ಕೈಯಲ್ಲಿ ತೆಗೆದುಕೊಂಡು, ಗಟ್ಟಿಯಾದ ಒಂದು ಸಿಹಿಯಲ್ಲಿ ಅದ್ದಿ ತಿನ್ನೋಣ. ಹೋಟೆಲಿನಲ್ಲಿ ಡಿಪ್ ಅಂತ ಕೊಡುತ್ತಾರಲ್ಲ, ಅದೇ. ಕ್ರೀಮು, ಚೀಸು ಅಂತ ಅಂಗಡಿ ಸುತ್ತಬೇಕಾಗಿಲ್ಲ. ಮನೆಯಲ್ಲಿ ಮೊಸರು, ಬೆಲ್ಲ, ತೆಂಗಿನಕಾಯಿ, ಶೇಂಗಾ ಇದ್ದರೆ ಸಾಕು.

ಹಣ್ಣನ್ನು ಸಿಹಿಯೊಂದಿಗೆ ಸೇರಿಸುವುದು ನಮಗೆ ಹೊಸದೇನಲ್ಲ. ದೇವಸ್ಥಾನದ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಜೊತೆಗೆ ಬಾಳೆಹಣ್ಣಿನ ಚೂರು ಇರುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬಾಳೆಹಣ್ಣಿನ ರಸಾಯನ ಇದೆ, ಮಾವಿನ ಹಣ್ಣಿನ ರಸಾಯನ ಇದೆ. ಬೆಳಗಾವಿ, ಧಾರವಾಡದ ಕಡೆ ಶ್ರೀಖಂಡ ಇದೆ. ಇವತ್ತು ನಾನು ಹೇಳುವ ಸಿಹಿಗಳೆಲ್ಲ ಇವುಗಳ ಹತ್ತಿರದ ನೆಂಟರು.

ಮೊದಲು ಮೊಸರಿನದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಹಣ್ಣಿಗೂ ಹೊಂದುವುದು ಇದೇ.

ಅರ್ಧ ಲೀಟರ್ ಗಟ್ಟಿ ಮೊಸರು ತೆಗೆದುಕೊಳ್ಳಿ. ಮೊಸರು ಹುಳಿಯಾಗಿರಬಾರದು. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಗಟ್ಟಿಯಾದ ಕೂಡಲೇ ಬಳಸಿದರೆ ಒಳ್ಳೆಯದು. ಮಧ್ಯಾಹ್ನದವರೆಗೆ ಹೊರಗೇ ಇಟ್ಟರೆ ಹುಳಿ ಏರುತ್ತದೆ, ಆಮೇಲೆ ಎಷ್ಟು ಬೆಲ್ಲ ಹಾಕಿದರೂ ಅದು ಅಡಗುವುದಿಲ್ಲ. ಈ ಮೊಸರನ್ನು ತೆಳುವಾದ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ, ಕೆಳಗೆ ಒಂದು ಪಾತ್ರೆ ಇಟ್ಟು ನೇತು ಹಾಕಿ. ಎರಡು ಮೂರು ಗಂಟೆಯಲ್ಲಿ ನೀರೆಲ್ಲ ಇಳಿದು, ಸುಮಾರು 1 ಬಟ್ಟಲು ಗಟ್ಟಿ ಮೊಸರು ಉಳಿಯುತ್ತದೆ. ಬೇಸಿಗೆಯಾದರೆ ಗಂಟನ್ನು ಜರಡಿಯ ಮೇಲಿಟ್ಟು ಫ್ರಿಜ್ಜಿನೊಳಗೇ ಇಡಿ.

ಅಷ್ಟು ಹೊತ್ತು ಎಲ್ಲಿದೆ, ನೆಂಟರು ಆಗಲೇ ಬಸ್ಸು ಇಳಿದಿದ್ದಾರೆ ಅನ್ನುತ್ತೀರಾ? ಅದಕ್ಕೂ ದಾರಿ ಇದೆ. ದಪ್ಪನೆಯ, ಶುಚಿಯಾದ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯ ಮೇಲೆ ಹಾಸಿ. ಅದರ ಮೇಲೆ ಮೊಸರಿನ ಕೆನೆಭಾಗವನ್ನು ಬೆರಳು ದಪ್ಪಕ್ಕೆ ಹರಡಿ. ಬಟ್ಟೆಯೇ ನೀರನ್ನು ಹೀರಿಕೊಳ್ಳುತ್ತದೆ. 20 ನಿಮಿಷ ಬಿಟ್ಟು ಚಮಚದಲ್ಲಿ ಕೆರೆದು ತೆಗೆಯಿರಿ. ಶ್ರೀಖಂಡದಷ್ಟು ಗಟ್ಟಿ ಬರುವುದಿಲ್ಲ, ಆದರೆ ಹಣ್ಣಿಗೆ ಅಂಟಿಕೊಳ್ಳುವಷ್ಟು ಆಗುತ್ತದೆ. ನಮಗೆ ಬೇಕಾದದ್ದು ಅಷ್ಟೇ ಅಲ್ವಾ?

ಈಗ ಸಿಹಿ. 1 ಬಟ್ಟಲು ಗಟ್ಟಿ ಮೊಸರಿಗೆ 3 ದೊಡ್ಡ ಚಮಚ ಜೋನಿ ಬೆಲ್ಲ. ಮಲೆನಾಡಿನವರಿಗೆ ಜೋನಿ ಬೆಲ್ಲದ ಬಗ್ಗೆ ಹೇಳಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಸಾಗರದ ಕಡೆ ಆಲೆಮನೆ ಮುಗಿಯುತ್ತಿದ್ದಂತೆ ಡಬ್ಬಿಗಳಲ್ಲಿ ತುಂಬಿಡುವ ನೀರು ಬೆಲ್ಲ ಅದು. ಉಳಿದ ಊರಿನವರು ಕೇಳಿ ತರಿಸಿಕೊಳ್ಳಿ, ಈಗ ಪಟ್ಟಣದ ಅಂಗಡಿಗಳಲ್ಲೂ ಸಿಗುತ್ತದೆ. ಇದನ್ನು ಕರಗಿಸುವ ಕೆಲಸವಿಲ್ಲ, ಸೋಸುವ ಕೆಲಸವಿಲ್ಲ. ತಳದಲ್ಲಿ ಹರಳು ಕೂತಿರುತ್ತದೆ, ಅದಕ್ಕೆ ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ಅದರ ಪರಿಮಳವೇ ಬೇರೆ. ಸಕ್ಕರೆ ಸುಮ್ನೆ ಸಿಹಿ ಕೊಡುತ್ತದೆ, ಜೋನಿ ಬೆಲ್ಲ ರುಚಿ ಕೊಡುತ್ತದೆ.

ಜೋನಿ ಬೆಲ್ಲ ಇಲ್ಲದಿದ್ದರೆ ಅಚ್ಚು ಬೆಲ್ಲವೋ ಉಂಡೆ ಬೆಲ್ಲವೋ ಆಗಬಹುದು. ಮಂಡ್ಯದ್ದಾಗಲಿ, ಮಹಾಲಿಂಗಪುರದ್ದಾಗಲಿ. ಅರ್ಧ ಬಟ್ಟಲು ಪುಡಿ ಬೆಲ್ಲಕ್ಕೆ 3 ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕಬ್ಬಿನ ಸಿಪ್ಪೆ, ಮರಳು ಇರುತ್ತದೆ, ತಪ್ಪದೆ ಸೋಸಿ. ಮತ್ತೆ ಒಲೆಗಿಟ್ಟು ಕೈಗೆ ಅಂಟುವಷ್ಟು ಕುದಿಸಿ ಇಳಿಸಿ, ಎಳೆ ಪಾಕಕ್ಕೆ ಹೋಗುವುದು ಬೇಡ. ಪೂರ್ತಿ ತಣ್ಣಗಾದ ಮೇಲೆಯೇ ಮೊಸರಿಗೆ ಹಾಕಬೇಕು. ಬಿಸಿ ಪಾಕ ಬಿದ್ದರೆ ಮೊಸರು ಒಡೆದು ಮತ್ತೆ ನೀರು ಬಿಡುತ್ತದೆ, ನೇತು ಹಾಕಿದ್ದೆಲ್ಲ ದಂಡ.

ಇದರ ಜೊತೆಗೆ 2 ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ. ಉಪ್ಪಿನ ರುಚಿ ಗೊತ್ತಾಗಬಾರದು, ಆದರೆ ಅದು ಇದ್ದರೆ ಕಡಿಮೆ ಬೆಲ್ಲದಲ್ಲೇ ಸಿಹಿ ಎದ್ದು ಕಾಣುತ್ತದೆ. ಎಲ್ಲವನ್ನೂ ಚಮಚದಲ್ಲಿ ಒಂದೇ ದಿಕ್ಕಿಗೆ ನಿಧಾನವಾಗಿ ಕಲಸಿ. ಮಿಕ್ಸಿಗೆ ಹಾಕಿದರೆ ಮೊಸರಿನ ಕಟ್ಟು ಬಿಟ್ಟು ತೆಳ್ಳಗಾಗುತ್ತದೆ. ಇನ್ನೂ ನುಣುಪಾಗಬೇಕು ಅನ್ನುವವರು ಸಣ್ಣ ಕಣ್ಣಿನ ಜರಡಿಯಲ್ಲಿ ಉಜ್ಜಿ ತೆಗೆಯಬಹುದು, ಶ್ರೀಖಂಡ ಮಾಡುವವರು ಹಾಗೇ ಮಾಡುತ್ತಾರೆ. ಕೇಸರಿ ಇದ್ದರೆ ನಾಲ್ಕು ಎಳೆ, ಬಿಸಿ ಹಾಲಿನಲ್ಲಿ ನೆನೆಸಿ, ಆರಿಸಿ ಹಾಕಿ. ಇಲ್ಲದಿದ್ದರೆ ಚಿಂತೆಯಿಲ್ಲ.

ಒಂದು ವಿಷಯ ನೆನಪಿರಲಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಅನಿಸುತ್ತದೆ. ತಣ್ಣಗೆ ಬಡಿಸುವುದಾದರೆ ಫ್ರಿಜ್ಜಿನಿಂದ ತೆಗೆದ ಮೇಲೆ ರುಚಿ ನೋಡಿ, ಆಮೇಲೆ ಬೇಕಿದ್ದರೆ ಅರ್ಧ ಚಮಚ ಬೆಲ್ಲ ಸೇರಿಸಿ.

ಬಟ್ಟೆಯಿಂದ ಇಳಿದ ಮೊಸರಿನ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು ಒಳ್ಳೆಯದು. ಉಪ್ಪು, ಇಂಗು ಹಾಕಿ ಕುಡಿಯಲೂಬಹುದು.

ಈ ಮೊಸರಿನ ಸಿಹಿಗೆ ಯಾವ ಹಣ್ಣು? ಸೀಬೆಹಣ್ಣು ನನಗೆ ಬಹಳ ಇಷ್ಟ. ಉತ್ತರ ಕರ್ನಾಟಕದವರ ಪೇರಲ. ಅದು ಗಟ್ಟಿ, ಸಿಹಿಯಲ್ಲಿ ಅದ್ದಿದರೆ ಚಮಚದಂತೆ ಎತ್ತಿಕೊಂಡು ಬರುತ್ತದೆ. ವಿಜಯಪುರದ ದ್ರಾಕ್ಷಿ ಚೆನ್ನಾಗಿ ಹೊಂದುತ್ತದೆ. ಕೊಡಗಿನ ಕಿತ್ತಳೆ ಸಿಕ್ಕರೆ ತೊಳೆಯ ಮೇಲಿನ ನಾರು ಬಿಡಿಸಿ ಇಡಿ. ದೇವನಹಳ್ಳಿ ಚಕ್ಕೋತದ ತೊಳೆಯಂತೂ ಈ ಮೊಸರಿಗೆ ಹೇಳಿ ಮಾಡಿಸಿದ್ದು, ಅದರ ಸಣ್ಣ ಕಹಿ ಬೆಲ್ಲದ ಪಕ್ಕದಲ್ಲಿ ಎಷ್ಟು ಚೆಂದ ಅನಿಸುತ್ತದೆ! ಗಿಣಿಮೂತಿ ಮಾವು ಸ್ವಲ್ಪ ಹುಳಿ ಇದ್ದಾಗಲೇ ಹೆಚ್ಚಿಡಿ. ದಾಳಿಂಬೆ ಕಾಳನ್ನು ಅದ್ದಲು ಆಗುವುದಿಲ್ಲ, ಅದನ್ನು ಸಿಹಿಯ ಮೇಲೇ ಉದುರಿಸಿ.

ಕಲ್ಲಂಗಡಿಯನ್ನು ಮಾತ್ರ ಇದರಲ್ಲಿ ಸೇರಿಸಬೇಡಿ. ಅದರ ತುಂಬ ನೀರು, ಸಿಹಿ ಅಂಟುವುದಿಲ್ಲ. ಒಳ್ಳೆಯ ಬಾದಾಮಿ ಮಾವಿನ ಹಣ್ಣಿಗೂ ಏನನ್ನೂ ನಂಜಿಕೊಳ್ಳಬೇಡಿ. ಹಾಗೇ ನಂಜನಗೂಡು ರಸಬಾಳೆ. ಸೊರಗು ರೋಗದಿಂದ ಅದರ ತೋಟಗಳೇ ಎಷ್ಟೋ ಕಡಿಮೆಯಾಗಿವೆ, ಸಿಗುವುದೇ ಅಪರೂಪ. ಸಿಕ್ಕಿದ ದಿನ ಸಿಪ್ಪೆ ಸುಲಿದು ಹಾಗೇ ತಿನ್ನಿ. ಅದಕ್ಕೆ ಬೆಲ್ಲ ಹಚ್ಚುವುದು ನನಗಂತೂ ಸರಿ ಕಾಣುವುದಿಲ್ಲ.

ಅನಾನಸ್ ಮತ್ತು ಪಪ್ಪಾಯಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇವೆರಡರಲ್ಲೂ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ. ಅನಾನಸಿನದು ಬ್ರೊಮೆಲಿನ್, ಪಪ್ಪಾಯಿಯದು ಪಪೈನ್. ಕಿವಿ ಹಣ್ಣಿನಲ್ಲೂ ಇಂಥದ್ದೇ ಒಂದಿದೆ. ಮಾಂಸ ಮೆತ್ತಗಾಗಲಿ ಅಂತ ಪಪ್ಪಾಯಿ ಕಾಯಿ ಅರೆದು ಹಚ್ಚುತ್ತಾರಲ್ಲ, ಕೆಲಸ ಮಾಡುವುದು ಇದೇ ಕಿಣ್ವ. ಕಾಯಿಯಲ್ಲಿ ಜಾಸ್ತಿ, ಹಣ್ಣಾದಾಗ ಕಡಿಮೆ. ಹಸಿ ಅನಾನಸನ್ನು ಮೊಸರಿನಲ್ಲಿ ಕಲಸಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮೊಸರಿನ ಪ್ರೋಟೀನ್ ಒಡೆದು ತೆಳ್ಳಗಾಗುತ್ತದೆ, ಕಹಿಯಾಗುತ್ತದೆ. ಮೊಸರು ಕೆಟ್ಟಿತ್ತು ಅಂತ ಅಂಗಡಿಯವರನ್ನು ಬೈಯುತ್ತೇವೆ, ತಪ್ಪು ಅವರದ್ದಲ್ಲ. ಅದ್ದಿ ಕೂಡಲೇ ತಿಂದರೆ ಈ ತೊಂದರೆಯೇ ಇಲ್ಲ, ಕಿಣ್ವಕ್ಕೆ ಸಮಯವೇ ಸಿಗುವುದಿಲ್ಲ. ಕಲಸದೆ ಅದ್ದಿ ತಿನ್ನಿ ಎಂದು ನಾನು ಇಷ್ಟು ಒತ್ತಿ ಹೇಳಲು ಇದೂ ಒಂದು ಕಾರಣ. ಇನ್ನು, ಬೇಯಿಸಿದ ಅನಾನಸಿನಲ್ಲಿ ಕಿಣ್ವ ಸತ್ತಿರುತ್ತದೆ, ಅದನ್ನು ಧೈರ್ಯವಾಗಿ ಕಲಸಬಹುದು.

ಹಸಿ ಅನಾನಸಿಗೆ ಮೊಸರಿಗಿಂತ ತೆಂಗಿನ ಹಾಲು ಒಳ್ಳೆಯ ಜೋಡಿ. ಇದು ಎರಡನೆಯ ಸಿಹಿ.

ಅರ್ಧ ಹೋಳು ತೆಂಗಿನಕಾಯಿಯ ತುರಿಗೆ ಕಾಲು ಬಟ್ಟಲು ಉಗುರು ಬೆಚ್ಚಗಿನ ನೀರು ಹಾಕಿ ರುಬ್ಬಿ, ಹಿಂಡಿ. ಮೊದಲ ಸಲ ಬರುವ ಗಟ್ಟಿ ಹಾಲು ಮಾತ್ರ ಸಾಕು. ಎರಡನೆಯ ಹಾಲನ್ನು ಸಾರಿಗೋ ಪಾಯಸಕ್ಕೋ ಇಟ್ಟುಕೊಳ್ಳಿ. ತೆಂಗಿನ ಹಾಲು ಹಾಗೇ ಇದ್ದರೆ ಅದ್ದಲು ತೆಳುವಾಗುತ್ತದೆ. ಅದಕ್ಕೆ ರಸಾಯನ ಮಾಡುವವರ ಉಪಾಯ ಬಳಸೋಣ. 2 ಚಮಚ ಎಳ್ಳು ಹುರಿದು, ನುಣ್ಣಗೆ ಪುಡಿ ಮಾಡಿ ಹಾಕಿ. ಎಳ್ಳು ಬೇಡ ಅನ್ನುವವರು ನೆನೆಸಿದ ಗೋಡಂಬಿ ಒಂದು ಹಿಡಿ ರುಬ್ಬಿ ಹಾಕಬಹುದು. ಆಮೇಲೆ ಬೆಲ್ಲ, ಏಲಕ್ಕಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಗಟ್ಟಿಯಾಗುತ್ತದೆ. ಬಾಳೆಹಣ್ಣಿಗೆ, ಹಲಸಿನ ತೊಳೆಗೆ ಇದು ತುಂಬ ಚೆನ್ನ. ಹಲಸಿನ ಕಾಲದಲ್ಲಿ ಒಮ್ಮೆ ಮಾಡಿ ನೋಡಿ. ಆದರೆ ತೆಂಗಿನ ಹಾಲು ಬೇಗ ಹಳಸುತ್ತದೆ. ತಿನ್ನುವ ಹೊತ್ತಿಗೆ ಮಾಡಿ, ಅವತ್ತೇ ಮುಗಿಸಿ.

ಮೂರನೆಯದು ಶೇಂಗಾದ್ದು. ಶೇಂಗಾ ಹೋಳಿಗೆಯ ಹೂರಣ ಗೊತ್ತಿದ್ದವರಿಗೆ ಇದು ಕೈವಶ. 1 ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು ಮಿಕ್ಸಿಗೆ ಹಾಕಿ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಅಂಚಿನದ್ದನ್ನು ಕೆಳಗೆ ಎಳೆಯುತ್ತಾ ಇರಿ. ಮೊದಲು ಪುಡಿಯಾಗುತ್ತದೆ, ಆಮೇಲೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಈಗ 4 ಚಮಚ ಪುಡಿ ಬೆಲ್ಲ, ಚಿಟಿಕೆ ಉಪ್ಪು ಹಾಕಿ. ಕಾಯಿಸಿ ಆರಿಸಿದ ಹಾಲನ್ನು ಚಮಚ ಚಮಚವಾಗಿ ಸೇರಿಸಿ. ಮೊದಲ ಒಂದೆರಡು ಚಮಚಕ್ಕೆ ಅದು ತೆಳ್ಳಗಾಗುವ ಬದಲು ಇನ್ನೂ ಬಿಗಿಯಾಗುತ್ತದೆ. ಗಾಬರಿ ಬೇಡ. ಹಾಲು ಹಾಕುತ್ತಾ ಹೋಗಿ, ಮತ್ತೆ ಸಡಿಲವಾಗಿ ಕೆನೆಯಂತಾಗುತ್ತದೆ. ಸೇಬಿಗೆ, ಏಲಕ್ಕಿ ಬಾಳೆಗೆ, ಕಮಲಾಪುರದ ಕೆಂಪು ಬಾಳೆಗೆ ಇದನ್ನು ನಂಜಿಕೊಳ್ಳಿ. ನೆಂಟರಲ್ಲಿ ಯಾರಿಗಾದರೂ ಶೇಂಗಾ ಆಗುವುದಿಲ್ಲವೇ ಎಂದು ಮೊದಲೇ ಕೇಳಿಕೊಳ್ಳಿ. ಎಳ್ಳು, ಗೋಡಂಬಿಯ ವಿಷಯದಲ್ಲೂ ಅಷ್ಟೇ.

ಹಣ್ಣನ್ನು ಸಿದ್ಧ ಮಾಡುವುದು ಹೇಗೆ? ಹೆಚ್ಚುವ ಮೊದಲೇ ಇಡಿಯಾಗಿ ತೊಳೆದು, ಒರೆಸಿ ಒಣಗಿಸಿ. ಒದ್ದೆ ಹಣ್ಣಿಗೆ ಯಾವ ಸಿಹಿಯೂ ನಿಲ್ಲುವುದಿಲ್ಲ. ಸೇಬನ್ನು ಕೊನೆಯಲ್ಲಿ ಹೆಚ್ಚಿ, ನಿಂಬೆರಸ ಬೆರೆಸಿದ ನೀರಿನಲ್ಲಿ ಒಮ್ಮೆ ಮುಳುಗಿಸಿ ತೆಗೆದು ಒರೆಸಿದರೆ ಬೇಗ ಕಂದಾಗುವುದಿಲ್ಲ. ಬಾಳೆಹಣ್ಣು ಸ್ವಲ್ಪ ಗಟ್ಟಿಯಾಗಿರಲಿ, ದಪ್ಪ ಬಿಲ್ಲೆ ಮಾಡಿ. ಚಿಕ್ಕ ಮಕ್ಕಳಿದ್ದರೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ, ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಹಲ್ಲುಕಡ್ಡಿ ಚುಚ್ಚಿ ಇಡುವುದೂ ಮಕ್ಕಳಿಗೆ ಬೇಡ.

ಬಡಿಸುವಾಗ ಒಂದೇ ದೊಡ್ಡ ಬಟ್ಟಲು ಮಧ್ಯದಲ್ಲಿಟ್ಟು ಎಲ್ಲರೂ ಅದರಲ್ಲೇ ಅದ್ದುವುದು ಬೇಡ. ಒಮ್ಮೆ ಕಚ್ಚಿದ ಹೋಳನ್ನು ಮತ್ತೆ ಅದ್ದಿದರೆ ಇಡೀ ಬಟ್ಟಲು ಎಂಜಲು. ಮನೆಯ ಹಿರಿಯರು ಮುಟ್ಟುವುದೂ ಇಲ್ಲ, ಅವರು ಹೇಳುವುದು ಸರಿಯೂ ಹೌದು. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಬಟ್ಟಲು ಕೊಡಿ. ಜನ ಜಾಸ್ತಿ ಇದ್ದರೆ ಸಣ್ಣ ದೊನ್ನೆ ತನ್ನಿ, ಅಡಿಕೆ ಹಾಳೆಯ ತಟ್ಟೆಯಲ್ಲಿ ಹಣ್ಣು ಜೋಡಿಸಿ, ಪಕ್ಕದಲ್ಲಿ ದೊನ್ನೆ ಇಡಿ. ತೊಳೆಯುವ ಕೆಲಸವೂ ಉಳಿಯುತ್ತದೆ.

ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಅಲ್ವಾ, ಪರವಾಗಿಲ್ಲ ಅಂದುಕೊಳ್ಳಬಾರದು. 100 ಗ್ರಾಂ ಬೆಲ್ಲದಲ್ಲಿ ಸುಮಾರು 380 ಕ್ಯಾಲೊರಿ ಇದೆ, ಸಕ್ಕರೆಯಲ್ಲಿ ಹತ್ತಿರ ಹತ್ತಿರ 400. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಎರಡೂ ಒಂದೇ. ಅವರಿಗಾಗಿ ಗಟ್ಟಿ ಮೊಸರಿಗೆ ಬೆಲ್ಲ ಹಾಕದೆ, ಬರೀ ಏಲಕ್ಕಿ ಮತ್ತು ಚಿಟಿಕೆ ಉಪ್ಪು ಕಲಸಿ ಬೇರೆ ಇಡಿ. ಸೀಬೆಹಣ್ಣಿನ ಜೊತೆ ಅದೂ ರುಚಿಯಾಗಿರುತ್ತದೆ. ಬೆಲ್ಲದ ಬದಲು ಜೇನು ಹಾಕುವವರು 1 ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಬೇಡಿ.

ಮಿಕ್ಕಿದ ಮೊಸರಿನ ಸಿಹಿಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನಕ್ಕೂ ಆಗುತ್ತದೆ, ಮೇಲೆ ನಿಂತ ನೀರನ್ನು ಬಗ್ಗಿಸಿ ಕಲಸಿಕೊಳ್ಳಿ. ಪೂರಿಗೆ ಹಚ್ಚಿಕೊಂಡು ತಿನ್ನಿ. ಶೇಂಗಾದ್ದು ಉಳಿದರೆ ಬೆಳಿಗ್ಗೆ ಬಿಸಿ ಚಪಾತಿಗೆ ಸವರಿ, ಸುರುಳಿ ಸುತ್ತಿ ಮಕ್ಕಳ ಡಬ್ಬಿಗೆ ಹಾಕಿ ಕಳಿಸಿ.

ನಮಸ್ಕಾರ.