ಸೈಕಲ್ ಹಿಂದೆ ಒಂದು ಹಾಸಿಗೆ

ಎಲ್ಲರಿಗೂ ನಮಸ್ಕಾರ.

ಸೈಕಲ್ ಪ್ರವಾಸದ ಮಾತು ಬಂದರೆ ನಾವೆಲ್ಲ ಹಗಲಿನ ಕಥೆಯನ್ನೇ ಹೇಳುತ್ತೇವೆ. ಎಷ್ಟು ದೂರ ತುಳಿದೆವು, ಎಂಥ ಏರು ಹತ್ತಿದೆವು, ಯಾವ ಟೈರ್ ಹಾಕಿದ್ದೆವು. ನಾನು ಇವತ್ತು ರಾತ್ರಿಯ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. 70 ಕಿಲೋಮೀಟರ್ ತುಳಿದು ಸುಸ್ತಾಗಿರುತ್ತದೆ. ಕತ್ತಲಾಗುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯುತ್ತದೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಒದ್ದೆ ಹುಲ್ಲಿನ ಮೇಲೆ ಟೆಂಟ್ ಬಿಚ್ಚಿ, ಗೂಟ ಹೊಡೆಯಬೇಕು. ಆ ಅರ್ಧ ಗಂಟೆ ಇದೆಯಲ್ಲ, ಅನುಭವಿಸಿದವರಿಗೇ ಗೊತ್ತು. ಒಳಗೆ ಹೋಗುವಷ್ಟರಲ್ಲಿ ಹಾಸಿಗೆ ಒದ್ದೆ, ಮೈಯೆಲ್ಲ ಒದ್ದೆ. ಮಾರನೇ ದಿನ ಕಾಲಲ್ಲಿ ಶಕ್ತಿಯೇ ಇರುವುದಿಲ್ಲ.

ಅಂಥ ಒಂದು ರಾತ್ರಿ ಕಳೆದ ಮೇಲೆಯೇ ನಾನು ಸೈಕಲ್ ಹಿಂದೆ ಎಳೆಯುವ ಮಲಗುವ ಗಾಡಿ ಕಟ್ಟಿದ್ದು. ಕ್ಯಾಂಪರ್ ಟ್ರೈಲರ್ ಅಂತ ಅದರ ಹೆಸರು. ನನಗೆ ಗಾಡಿ ಅಂದರೇ ಸಲೀಸು. ಎರಡು ಗಾಲಿ, ಒಂದು ಪೆಟ್ಟಿಗೆ, ಒಳಗೆ ಹಾಸಿಗೆ. ಸಂಜೆ ಒಂದು ಕಡೆ ನಿಲ್ಲಿಸಿ, ನಾಲ್ಕು ಮೂಲೆಯ ಕಾಲು ಇಳಿಸಿ, ಬಾಗಿಲು ತೆಗೆದರೆ ಹಾಸಿಗೆ ಬೆಳಿಗ್ಗೆ ಬಿಟ್ಟ ಹಾಗೆಯೇ ಇರುತ್ತದೆ. ಒಣಗಿರುತ್ತದೆ. ನೆಲದಿಂದ ಒಂದೂವರೆ ಅಡಿ ಮೇಲಿರುತ್ತದೆ. ಐದು ನಿಮಿಷದ ಕೆಲಸ ಅಷ್ಟೇ.

ಇದರಲ್ಲಿ ಬಗೆಬಗೆಯವು ಇವೆ. ಡೆನ್ಮಾರ್ಕಿನಲ್ಲಿ ಹುಟ್ಟಿದ ವೈಡ್ ಪಾತ್ ಕ್ಯಾಂಪರ್ ಗಟ್ಟಿ ಗೋಡೆಯದು. ಎಳೆಯುವಾಗ ಅರ್ಧಕ್ಕೆ ಮಡಚಿಕೊಳ್ಳುತ್ತದೆ, ಬಿಚ್ಚಿದರೆ ಇಬ್ಬರು ಮಲಗಬಹುದು. ತೂಕ ಸುಮಾರು 45 ಕಿಲೋ. ಆಸ್ಟ್ರಿಯಾದ ಬಿ-ಟರ್ಟಲ್ ಬೇರೆ ದಾರಿ ಹಿಡಿಯಿತು. ಸಾಮಾನಿನ ಟ್ರೈಲರಿನ ಮೇಲೆಯೇ ಗಾಳಿ ತುಂಬಿ ಎಬ್ಬಿಸುವ ಟೆಂಟ್. ಅಮೆರಿಕದ ಪಾಲ್ ಎಲ್ಕಿನ್ಸ್ ಎಂಬುವರು ಚುನಾವಣೆ ಬೋರ್ಡುಗಳಿಗೆ ಬಳಸುವ ಟೊಳ್ಳು ಪ್ಲಾಸ್ಟಿಕ್ ಹಾಳೆಯಲ್ಲೇ ಪುಟ್ಟ ಗಾಡಿ ಕಟ್ಟಿ ತೋರಿಸಿದರು. ಕೈಯಾರೆ ಕಟ್ಟಿಕೊಳ್ಳುವ ನಮ್ಮಂಥವರಿಗೆ ಧೈರ್ಯ ಬಂದಿದ್ದು ಅಂಥವರಿಂದಲೇ.

ಈಗ ನಾನು ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಈ ಗಾಡಿ ಮಲಗುವುದಕ್ಕೆ, ವಾಸಕ್ಕಲ್ಲ. ಕಟ್ಟಲು ಕೂತಾಗ ಆಸೆ ಬೆಳೆಯುತ್ತಾ ಹೋಗುತ್ತದೆ. ಒಂದು ಮೇಜು ಇರಲಿ, ಒಲೆ ಇಡಲು ಜಾಗ ಇರಲಿ, ಎದ್ದು ನಿಲ್ಲುವ ಹಾಗಿದ್ದರೆ ಎಷ್ಟು ಚೆನ್ನ, ಅಲ್ವಾ? ಆ ಒಂದೊಂದು ಆಸೆಯನ್ನೂ ನಾಳೆ ನಿಮ್ಮ ತೊಡೆಯೇ ಎಳೆಯಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಮೊದಲು ಕಾಲು ಅಳೆದು ಆಮೇಲೆ ಹಾಸಿಗೆ ಮಾಡಬೇಕು. ನಾನು ನೆಲದ ಮೇಲೆ ಮಲಗಿದೆ. ನನ್ನ ಅಕ್ಕ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದಳು. ಅಂಗಾತ ಮಲಗಿದಾಗ ಭುಜದ ಅಗಲ 50 ಸೆಂಟಿಮೀಟರ್ ಕೂಡ ಇರಲಿಲ್ಲ. ಅಷ್ಟೇ ಸಾಕು ಅಂದುಕೊಂಡೆ. "ನೀನು ಯಾವತ್ತು ಅಂಗಾತ ಮಲಗಿದ್ದೀಯ? ಮಗ್ಗುಲಾಗಿ ಮಲಗು" ಅಂದಳು. ಮಗ್ಗುಲಾಗಿ ಮೊಣಕಾಲು ಮಡಚಿದರೆ ಗೆರೆ 70 ದಾಟಿತು. ಅಗಲ ನಿರ್ಧಾರ ಆಗುವುದು ಭುಜದಿಂದಲ್ಲ, ಮೊಣಕಾಲಿನಿಂದ. ಉದ್ದಕ್ಕೆ ನಿಮ್ಮ ಎತ್ತರದ ಮೇಲೆ ಒಂದು ಗೇಣು ಸೇರಿಸಿ. ಎತ್ತರ, ಕೂತು ಅಂಗಿ ಹಾಕಿಕೊಳ್ಳುವಷ್ಟಿರಲಿ. ಸುಮಾರು 90 ಸೆಂಟಿಮೀಟರ್. ಅದಕ್ಕಿಂತ ಜಾಸ್ತಿ ಬೇಡವೇ ಬೇಡ.

ತೂಕದ ಲೆಕ್ಕ ನೋಡೋಣ. ಇಷ್ಟು ದೊಡ್ಡ ಪೆಟ್ಟಿಗೆಗೆ ಆರೂ ಕಡೆ ಸೇರಿ ಸುಮಾರು 8 ಚದರ ಮೀಟರ್ ಹಾಳೆ ಬೇಕು. 4 ಮಿಲಿಮೀಟರ್ ಪ್ಲೈವುಡ್ ಹಾಕಿದರೆ ಹಾಳೆಯೇ 20 ಕಿಲೋ ಆಸುಪಾಸು. ಅಷ್ಟೇ ದಪ್ಪದ ಟೊಳ್ಳು ಪ್ಲಾಸ್ಟಿಕ್ ಆದರೆ 7 ಕಿಲೋ. ಸಪಾಟು ರಸ್ತೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಏರಿನಲ್ಲಿ. ನೀವು, ಸೈಕಲ್, ಸಾಮಾನು ಎಲ್ಲ ಸೇರಿ 100 ಕಿಲೋ ಅಂತಿಟ್ಟುಕೊಳ್ಳಿ. 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ, ಹದವಾಗಿ 120 ವ್ಯಾಟ್ ಶಕ್ತಿಯಲ್ಲಿ ತುಳಿದರೆ ಗಂಟೆಗೆ 7.5 ಕಿಲೋಮೀಟರ್ ವೇಗ ಸಿಗುತ್ತದೆ. ಹಿಂದೆ 45 ಕಿಲೋ ಗಾಡಿ ಕಟ್ಟಿದರೆ ಅದು 5ಕ್ಕೆ ಇಳಿಯುತ್ತದೆ. ಅಂದರೆ ನಡೆಯುವ ವೇಗ. ಆ ವೇಗದಲ್ಲಿ ಸೈಕಲನ್ನು ನೆಟ್ಟಗೆ ಹಿಡಿಯುವುದೇ ಕಷ್ಟ. ಒಬ್ಬರ ಗಾಡಿ 30 ಕಿಲೋ ದಾಟಬಾರದು ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ. ಮೋಟಾರ್ ಇರುವ ಸೈಕಲ್ಲಿಗೂ ಇದು ಬಿಟ್ಟದ್ದಲ್ಲ. 30 ಕಿಲೋವನ್ನು 1000 ಮೀಟರ್ ಎತ್ತರಕ್ಕೆ ಏರಿಸಲು ಕಡಿಮೆ ಅಂದರೂ 80 ವ್ಯಾಟ್-ಅವರ್ ಬೇಕು. ಬ್ಯಾಟರಿ 500 ವ್ಯಾಟ್-ಅವರ್ ಹಿಡಿಯುವಂಥದ್ದಾದರೆ ಆರರಲ್ಲಿ ಒಂದು ಪಾಲು ಗಾಡಿಗೇ ಹೋಯಿತು.

ತೂಕಕ್ಕಿಂತ ನನಗೆ ಭಯ ಇರುವುದು ಅಡ್ಡಗಾಳಿಯ ಬಗ್ಗೆ. ಎದುರುಗಾಳಿ ಸುಸ್ತು ಮಾಡುತ್ತದೆ, ಅಷ್ಟೇ. ಅಡ್ಡಗಾಳಿ ಗಾಡಿಯನ್ನೇ ಮಗುಚುತ್ತದೆ. ಒಂದು ಉದ್ದನೆಯ ಸೇತುವೆಯ ಮೇಲೆ ನನಗೆ ಹಾಗಾಯಿತು. ಎಡಗಡೆಯ ಗಾಲಿ ನೆಲ ಬಿಟ್ಟಿದ್ದು ನನಗೆ ಕಾಣಿಸಲಿಲ್ಲ, ಕೇಳಿಸಿತು. ಎರಡು ಗಾಲಿಯ ಸದ್ದು ಇದ್ದಕ್ಕಿದ್ದ ಹಾಗೆ ಒಂದೇ ಆಯಿತು. ಬ್ರೇಕ್ ಒತ್ತುವಷ್ಟರಲ್ಲಿ ಗಾಡಿ ಬಲಕ್ಕೆ ಉರುಳಿತ್ತು. ಗಾಡಿಯನ್ನು ಸೈಕಲ್ಲಿಗೆ ಜೋಡಿಸುವ ಕೊಂಡಿ ತಿರುಗುವಂಥದ್ದಾಗಿತ್ತು, ಹಾಗಾಗಿ ನಾನು ಬೀಳಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. 2 ಮೀಟರ್ ಉದ್ದ, 1 ಮೀಟರ್ ಎತ್ತರದ ಗೋಡೆಯ ಮೇಲೆ ಗಂಟೆಗೆ 36 ಕಿಲೋಮೀಟರ್ ಗಾಳಿ ಬೀಸಿದರೆ ಸುಮಾರು 12 ಕಿಲೋ ತೂಕದಷ್ಟು ತಳ್ಳುತ್ತದೆ. ಗಾಲಿಗಳ ನಡುವೆ 70 ಸೆಂಟಿಮೀಟರ್ ಇರುವ 30 ಕಿಲೋ ಗಾಡಿ ಅದನ್ನು ಹೇಗೋ ತಡೆದುಕೊಳ್ಳುತ್ತದೆ. ಗಾಳಿ 45ಕ್ಕೆ ಏರಿದರೆ ಆಗುವುದಿಲ್ಲ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ, ಅದನ್ನು ಮರೆಯಬಾರದು. ರಾತ್ರಿ ನೀವು ಒಳಗೆ ಮಲಗಿದಾಗ ಅದೇ ಗಾಡಿ 100 ಕಿಲೋ. ಅಂಥ ಗಾಳಿಗೆ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಮಗುಚುವುದು ಖಾಲಿ ಇದ್ದಾಗ, ಅಂದರೆ ದಾರಿಯಲ್ಲಿ. ಈಗ ನಾನು ನೀರು, ಸಲಕರಣೆ ಎಲ್ಲವನ್ನೂ ಗಾಡಿಯ ತಳದಲ್ಲಿ, ಅಚ್ಚಿನ ಮೇಲೆಯೇ ಇಡುತ್ತೇನೆ. ಗಾಳಿ ಜೋರಿದ್ದರೆ ಸೇತುವೆ ಮೇಲೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ತುಂಬಾ ಜೋರಿದ್ದರೆ ಸೇತುವೆಗೆ ಹೋಗುವುದೇ ಇಲ್ಲ.

ಕೊಂಡಿಯನ್ನು ಸೀಟಿನ ಕಂಬಕ್ಕೆ ಕಟ್ಟಬೇಡಿ. ಹಿಂದಿನ ಚಕ್ರದ ಅಚ್ಚಿಗೆ ಕಟ್ಟಿ. ಎಳೆತ ಕೆಳಗಿದ್ದಷ್ಟೂ ಸೈಕಲ್ ಸ್ಥಿರ. ಕೊಂಡಿ ಕಳಚಿದರೂ ಗಾಡಿ ಬಿಟ್ಟುಹೋಗದ ಹಾಗೆ ಒಂದು ಗಟ್ಟಿ ಪಟ್ಟಿ ಇರಲಿ. ಗಾಡಿಯ ಮೂತಿಯ ಕಡೆ ಸ್ವಲ್ಪ ಭಾರ ಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ಇಳಿಜಾರಿನ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಹಿಂದಿನಿಂದ ತಳ್ಳಿ ಸೈಕಲನ್ನು ಅಡ್ಡ ತಿರುಗಿಸುತ್ತದೆ. ತಿರುವಿಗೆ ಮುಂಚೆಯೇ ನಿಧಾನ ಮಾಡಿ. ಅಗಲ, ದೀಪ, ತೂಕದ ಮಿತಿಯ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಹೊರಡುವ ಮುಂಚೆ ನೋಡಿಕೊಳ್ಳಿ.

ಇನ್ನು ಒಳಗಿನ ಗಾಳಿ. ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಮೊದಲ ರಾತ್ರಿ ಚಳಿ ಅಂತ ಕಿಂಡಿ ಸಂದಿಗಳಿಗೆಲ್ಲ ಬಟ್ಟೆ ತುರುಕಿ, ಒಂದು ಬೆರಳಗಲದ ಸಂದಿ ಬಿಟ್ಟು ಮಲಗಿದೆ. ನಸುಕಿನಲ್ಲಿ ಹಣೆಯ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಮಳೆ ಸೋರುತ್ತಿದೆ ಅಂದುಕೊಂಡು ಹೊರಗೆ ನೋಡಿದರೆ ಆಕಾಶ ತಿಳಿಯಾಗಿತ್ತು, ನಕ್ಷತ್ರ ಕಾಣುತ್ತಿದ್ದವು. ಚಾವಣಿಯಲ್ಲಿ ಸಾಲುಸಾಲಾಗಿ ಹನಿ ತೂಗುತ್ತಿದ್ದವು. ಅದೆಲ್ಲ ನನ್ನ ಉಸಿರು, ನನ್ನ ಮೈಯ ತೇವ!

ಒಬ್ಬರು ಎಂಟು ಗಂಟೆ ಮಲಗಿದರೆ ಉಸಿರು ಮತ್ತು ಚರ್ಮದಿಂದ ಸುಮಾರು ಕಾಲು ಲೀಟರ್ ನೀರು ಹೊರಗೆ ಹೋಗುತ್ತದೆ. ಗಾಡಿಯೊಳಗೆ ಇರುವ ಗಾಳಿ ಒಂದೂವರೆ ಘನ ಮೀಟರ್ ಕೂಡ ಇಲ್ಲ. 10 ಡಿಗ್ರಿ ಚಳಿಯಲ್ಲಿ ಅಷ್ಟು ಗಾಳಿ ಹಿಡಿದಿಟ್ಟುಕೊಳ್ಳುವ ನೀರು ಬರೀ 13 ಗ್ರಾಂ. ಅರ್ಧ ಗಂಟೆಯಲ್ಲಿ ತುಂಬಿಹೋಗುತ್ತದೆ. ಮಿಕ್ಕಿದ್ದೆಲ್ಲ ಗೋಡೆಗೆ, ಹೊದಿಕೆಗೆ. ತೇವಕ್ಕಿಂತ ದೊಡ್ಡ ವಿಷಯ ಇಂಗಾಲದ ಡೈಆಕ್ಸೈಡ್. ಪೂರ್ತಿ ಮುಚ್ಚಿದ ಅಷ್ಟು ಜಾಗದಲ್ಲಿ ಅದು ಗಂಟೆಗೆ ಶೇಕಡ 1ರಷ್ಟು ಏರುತ್ತದೆ. ಬೆಳಗಿನವರೆಗೆ ಹಾಗೆಯೇ ಇದ್ದರೆ ಜೀವಕ್ಕೇ ಅಪಾಯ. ಹಾಗಾಗಿ ಎರಡು ಕಿಂಡಿ ಬೇಕೇ ಬೇಕು. ಕಾಲಿನ ಕಡೆ ಕೆಳಗೊಂದು, ತಲೆಯ ಕಡೆ ಮೇಲೊಂದು, ಅಂಗೈಯಷ್ಟಗಲ. ಮುಚ್ಚಲು ಬಾರದ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು. ಚಳಿಯಲ್ಲಿ ಮನುಷ್ಯ ಮುಚ್ಚಿಯೇ ಮುಚ್ಚುತ್ತಾನೆ. ಒಳಗೆ ಒಲೆ ಹಚ್ಚುವ ಮಾತೇ ಬೇಡ. ಒಲೆ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ, ಅದು ನಿಮ್ಮನ್ನು ಎಬ್ಬಿಸುವುದಿಲ್ಲ.

ಕಿಂಡಿ ಇಟ್ಟರೆ ಚಳಿ ಆಗುವುದಿಲ್ಲವೇ ಅಂತ ಕೇಳುತ್ತೀರಿ. ಮಲಗಿದ ಮೈ 70ರಿಂದ 80 ವ್ಯಾಟ್ ಶಾಖ ಕೊಡುತ್ತದೆ. ಗೋಡೆಗೆ 2 ಸೆಂಟಿಮೀಟರ್ ಫೋಮ್ ಹಾಕಿದರೆ, ಕಿಂಡಿ ಇದ್ದರೂ, ಹೊರಗಿಗಿಂತ ಮೂರ್ನಾಲ್ಕು ಡಿಗ್ರಿ ಬೆಚ್ಚಗಿರುತ್ತದೆ. ಸ್ಲೀಪಿಂಗ್ ಬ್ಯಾಗ್ ಜೊತೆಗೆ ಅದು ಧಾರಾಳ.

ಎಲ್ಲರಿಗೂ ಗಾಡಿ ಬೇಕು ಅಂತ ನಾನು ಹೇಳುವುದಿಲ್ಲ. ಬೆಟ್ಟದ ದಾರಿ, ಕಿರಿದಾದ ಗೇಟುಗಳು, ಮಧ್ಯೆ ರೈಲು ಹತ್ತುವ ಯೋಚನೆ ಇದ್ದರೆ 2 ಕಿಲೋ ಟೆಂಟೇ ಸರಿ. ಸಪಾಟು ದಾರಿ, ದಿನಕ್ಕೆ 40-50 ಕಿಲೋಮೀಟರ್, ಮಳೆಯ ಊರುಗಳು, ನೆಲದ ಮೇಲೆ ಮಲಗಿದರೆ ಸೊಂಟ ಹಿಡಿಯುವ ಮೈ, ಇಂಥವರಿಗೆ ಗಾಡಿ ನಿಜವಾಗಿಯೂ ವರ.

ನನ್ನ ಗಾಡಿ ಹೊರಗೆ ನಿಂತಿದೆ. ಸುಮ್ನೆ ನೋಡಿ ಹೋಗಬೇಡಿ, ಒಬ್ಬೊಬ್ಬರಾಗಿ ಒಳಗೆ ಮಲಗಿ ನೋಡಿ. ಶೂ ಬಿಚ್ಚಿ, ಮೊದಲು ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಿ. ಮಗ್ಗುಲಾಗಿ ಮಲಗಿ ಮೊಣಕಾಲು ಗೋಡೆಗೆ ತಾಗುತ್ತದಾ ನೋಡಿ. ತಲೆಯ ಹತ್ತಿರದ ಕಿಂಡಿಗೆ ಕೈ ಒಡ್ಡಿದರೆ ಗಾಳಿ ಆಡುವುದು ಗೊತ್ತಾಗುತ್ತದೆ.