1815: ಎಲ್ಲರೂ ಫಿರಂಗಿ ಅಂದುಕೊಂಡ ಸದ್ದು

ನಮಸ್ಕಾರ. 1815 ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ಇತಿಹಾಸದ ಪಾಠವನ್ನು ಅರೆನಿದ್ದೆಯಲ್ಲಿ ಕೇಳಿದವರಿಗೂ ಒಂದು ಹೆಸರು ಬಾಯಿಗೆ ಬಂದುಬಿಡುತ್ತದೆ. ವಾಟರ್ಲೂ. ನೆಪೋಲಿಯನ್ ಸೋತ. ಎರಡು ಮಾರ್ಕ್ಸು, ಮುಂದಿನ ಪ್ರಶ್ನೆ.

ಇವತ್ತು ಆ ಒಂದು ವರ್ಷದಲ್ಲೇ ಸುತ್ತಾಡೋಣ. ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ, ಒಪ್ಪದವರು ಆಮೇಲೆ ಜಗಳಕ್ಕೆ ಬನ್ನಿ. ಆ ವರ್ಷದ ಅತಿ ದೊಡ್ಡ ಘಟನೆ ವಾಟರ್ಲೂ ಅಲ್ಲ. ಅದು ಯಾವುದು ಅನ್ನುವುದು 1815ರಲ್ಲಿ ಬದುಕಿದ್ದವರಿಗೇ ಗೊತ್ತಾಗಲಿಲ್ಲ.

ನೀವೀಗ ನೋಡುತ್ತಿರುವುದು ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟ. ಒಳಗೆ ಕ್ಯಾಮೆರಾ ಬಿಡುವುದಿಲ್ಲ, ಹಾಗಾಗಿ ಹುಲ್ಲುಹಾಸನ್ನೇ ನೋಡಿಕೊಂಡು ಕೇಳಿ. ವಾಟರ್ಲೂಗೂ ಈ ಜಾಗಕ್ಕೂ ಏನು ಸಂಬಂಧ ಅಂತೀರಾ? ಟಿಪ್ಪುವಿನ ಈ ಬೇಸಿಗೆ ಅರಮನೆಯಲ್ಲಿ, ಟಿಪ್ಪು ಸತ್ತ ಮೇಲೆ, ಒಬ್ಬ ಇಂಗ್ಲಿಷ್ ಕರ್ನಲ್ ವಾಸವಾಗಿದ್ದ. ಹೆಸರು ಆರ್ಥರ್ ವೆಲ್ಲೆಸ್ಲಿ. ವಾಟರ್ಲೂನಲ್ಲಿ ಗೆದ್ದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ.

ಈ ಮನುಷ್ಯನ ಶ್ರೀರಂಗಪಟ್ಟಣದ ಶುರುವಾತು ಚೆನ್ನಾಗಿರಲಿಲ್ಲ. 1799ರ ಏಪ್ರಿಲ್ 5ರ ರಾತ್ರಿ, ಕೋಟೆಯ ಹೊರಗಿದ್ದ ಸುಲ್ತಾನಪೇಟೆ ತೋಪಿನ ಮೇಲೆ ದಾಳಿಗೆ ಹೋದ. ಕಗ್ಗತ್ತಲು. ದಾರಿ ತಪ್ಪಿತು, ಸೈನಿಕರು ಚದುರಿದರು, ಇವನ ಮೊಣಕಾಲಿಗೂ ಪೆಟ್ಟು ಬಿತ್ತು. ಕೆಲವರು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿಬಿದ್ದರು. ಇವನು ವಾಪಸ್ ಬಂದ. ಒಂದು ತಿಂಗಳಿಗೆ ಕೋಟೆ ಬಿತ್ತು. ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಹಿಂದೆ ಇದೇ ಊರಿನಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಆದರೆ ಊರಿನ ಅಧಿಕಾರ ಸಿಕ್ಕಿದ್ದು ವೆಲ್ಲೆಸ್ಲಿಗೆ. ಗವರ್ನರ್ ಜನರಲ್ ಯಾರು ಗೊತ್ತಾ? ಅವನ ಸ್ವಂತ ಅಣ್ಣ. ಇಲ್ಲಿನ ಹಳೆಯ ಕಲ್ಲಿನ ವೆಲ್ಲೆಸ್ಲಿ ಸೇತುವೆ ಇದೆಯಲ್ಲ, ಅದಕ್ಕಿರುವುದು ಆ ಅಣ್ಣನ ಹೆಸರು, ತಮ್ಮನದ್ದಲ್ಲ. ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ.

ಇಲ್ಲಿ ಅವನು ಕಲಿತದ್ದು ಬರೀ ಕತ್ತಿ ಬೀಸುವುದನ್ನಲ್ಲ. ಸೈನ್ಯಕ್ಕೆ ಅಕ್ಕಿ, ಮದ್ದುಗುಂಡು, ಹುಲ್ಲು ಸಮಯಕ್ಕೆ ಸರಿಯಾಗಿ ತಲುಪಿಸುವುದು ಹೇಗೆ ಅನ್ನುವುದನ್ನು. ಅದಕ್ಕೆ ನೆರವಾದದ್ದು ನಮ್ಮ ಅಮೃತಮಹಲ್ ಎತ್ತುಗಳು. ಮುಂದೆ ಸ್ಪೇನಿನಲ್ಲಿ ಫ್ರೆಂಚರ ಜೊತೆ ಕಾದಾಡುವಾಗ, ಆ ಎತ್ತುಗಳು ಇಲ್ಲಿ ಇದ್ದಿದ್ದರೆ ಅಂತ ಪೇಚಾಡಿಕೊಳ್ಳುತ್ತಿದ್ದನಂತೆ. ನೆಪೋಲಿಯನ್ ಅವನನ್ನು 'ಸಿಪಾಯಿಗಳ ಜನರಲ್' ಅಂತ ಹೀಗಳೆಯುತ್ತಿದ್ದ ಅನ್ನುತ್ತಾರೆ. ಅಂದರೆ, ಇಂಡಿಯಾದಲ್ಲಿ ಗೆದ್ದವನು, ಅದೇನು ಮಹಾ ಅಂತ.

ಹಾಗೆ ಹೇಳಿದ ನೆಪೋಲಿಯನ್‌ಗೂ ಈ ಊರಿನ ಮೇಲೆ ಕಣ್ಣಿತ್ತು. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಒಂದು ಪತ್ರ ಬರೆದಿದ್ದ. ದೊಡ್ಡ ಸೈನ್ಯದ ಜೊತೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರ ನೊಗದಿಂದ ನಿಮ್ಮನ್ನು ಬಿಡಿಸುವ ಆಸೆ ಇದೆ, ನಂಬಿಕಸ್ಥನೊಬ್ಬನನ್ನು ಕಳಿಸಿ ಅಂತ. ಪತ್ರ ಜೆಡ್ಡಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿತು. ಟಿಪ್ಪು ಅದನ್ನು ಓದಲೇ ಇಲ್ಲ.

ಒಂದೇ ವರ್ಷ, 1769ರಲ್ಲಿ ಹುಟ್ಟಿದ ಇಬ್ಬರು. ಒಬ್ಬ ಕಾವೇರಿ ದಡಕ್ಕೆ ಬರಬೇಕು ಅಂದುಕೊಂಡವನು, ಇನ್ನೊಬ್ಬ ಬಂದು ಇದ್ದು ಹೋದವನು. ಜೀವನದಲ್ಲಿ ಅವರಿಬ್ಬರು ಎದುರುಬದುರು ಕಾದಾಡಿದ್ದು ಒಂದೇ ಒಂದು ದಿನ.

ಆ ದಿನಕ್ಕೆ ಬರೋಣ, ಆದರೆ ಅದಕ್ಕೂ ಸುಮಾರು ನಾಲ್ಕು ತಿಂಗಳ ಹಿಂದಿನಿಂದ. 1815ರ ಫೆಬ್ರವರಿ 26. ಎಲ್ಬಾ ದ್ವೀಪದಲ್ಲಿ ಗಡಿಪಾರಾಗಿದ್ದ ನೆಪೋಲಿಯನ್ ಸಾವಿರದಷ್ಟು ಜನರ ಜೊತೆ ಹಡಗು ಹತ್ತಿದ. ಮಾರ್ಚ್ 1ಕ್ಕೆ ಫ್ರಾನ್ಸಿನ ದಡ. ಗ್ರೆನೋಬಲ್ ಹತ್ತಿರ ಅವನನ್ನು ಹಿಡಿಯಲು ಬಂದ ರಾಜನ ಸೈನಿಕರು ಬಂದೂಕು ಗುರಿಯಿಟ್ಟು ನಿಂತಿದ್ದರು. ಇವನು ಒಬ್ಬನೇ ಮುಂದೆ ನಡೆದ. ಕೋಟು ಸರಿಸಿ ಎದೆ ತೋರಿಸಿದ. ನಿಮ್ಮ ಚಕ್ರವರ್ತಿಯನ್ನು ಕೊಲ್ಲುವ ಮನಸ್ಸಿದ್ದರೆ ಹೊಡೆಯಿರಿ ಅಂದ. ಯಾರೂ ಹೊಡೆಯಲಿಲ್ಲ, ಅವನ ಹಿಂದೆಯೇ ಹೊರಟರು. ಮಾರ್ಚ್ 20ಕ್ಕೆ ಪ್ಯಾರಿಸ್ ಅವನದ್ದು. ರಾಜ 18ನೇ ಲೂಯಿ ಹಿಂದಿನ ರಾತ್ರಿಯೇ ಪರಾರಿ. ಏನೇ ಹೇಳಿ, ಇಂಥ ಧೈರ್ಯಕ್ಕೆ ಒಂದು ಸಲಾಂ ಹೊಡೆಯಲೇಬೇಕು.

ಇಷ್ಟೆಲ್ಲ ಆಗುವಾಗ ಯುರೋಪಿನ ರಾಜರು, ಮಂತ್ರಿಗಳು ವಿಯೆನ್ನಾದಲ್ಲಿ ಕುಳಿತು ಭೂಪಟ ಹಂಚಿಕೊಳ್ಳುತ್ತಿದ್ದರು. ನೆಪೋಲಿಯನ್ ಬಂದ ಅಂತ ಗೊತ್ತಾದರೂ ಸಭೆ ನಿಲ್ಲಿಸಲಿಲ್ಲ. ಜೂನ್ 9ಕ್ಕೆ ಒಪ್ಪಂದಕ್ಕೆ ಸಹಿ ಹಾಕಿಯೇಬಿಟ್ಟರು, ವಾಟರ್ಲೂಗೆ ಒಂಬತ್ತು ದಿನ ಮೊದಲು.

ಜೂನ್ 17ರ ರಾತ್ರಿ ಜೋರು ಮಳೆ. ಮಾರನೇ ದಿನ ಹೊಲವೆಲ್ಲ ಕೆಸರು. ಫಿರಂಗಿ ಎಳೆಯಲು ಆಗುತ್ತಿಲ್ಲ, ಗುಂಡು ಬಿದ್ದರೆ ಪುಟಿಯದೆ ಕೆಸರಿನಲ್ಲಿ ಹೂತುಹೋಗುತ್ತದೆ. ನೆಲ ಒಣಗಲಿ ಅಂತ ನೆಪೋಲಿಯನ್ ಕಾದ. ಯುದ್ಧ ಶುರುವಾಗಿದ್ದು ಹನ್ನೊಂದೂವರೆ ಹೊತ್ತಿಗೆ. ಆ ತಡವೇ ಅವನಿಗೆ ಮುಳುವಾಯಿತು, ಯಾಕೆಂದರೆ ಸಂಜೆ ಹೊತ್ತಿಗೆ ಬ್ಲೂಖರ್ ಎಂಬ ಸೇನಾಪತಿಯ ಪ್ರಷ್ಯನ್ (ಜರ್ಮನ್ ರಾಜ್ಯವೊಂದರ) ಸೈನ್ಯ ಬಂದು ವೆಲ್ಲಿಂಗ್ಟನ್ ಜೊತೆ ಸೇರಿಕೊಂಡಿತು. ವೆಲ್ಲಿಂಗ್ಟನ್ ಒಬ್ಬನೇ ಗೆದ್ದ ಅನ್ನುವುದು ಇಂಗ್ಲಿಷರ ಹೆಮ್ಮೆ, ಅಷ್ಟೇ. ಅವನ ಕೈಕೆಳಗಿದ್ದವರಲ್ಲೂ ಡಚ್ಚರು, ಬೆಲ್ಜಿಯನ್ನರು, ಜರ್ಮನ್ನರೇ ಜಾಸ್ತಿ. ಕತ್ತಲಾಗುವ ಹೊತ್ತಿಗೆ ಸತ್ತವರು, ಗಾಯಗೊಂಡವರು ಸೇರಿ 40,000ಕ್ಕೂ ಹೆಚ್ಚು. ಆ ಹೆಣಗಳ ಹಲ್ಲು ಕಿತ್ತು ಮಾರಿದರು. ಕಟ್ಟಿಸಿಕೊಳ್ಳುವ ಹಲ್ಲಿಗೆ 'ವಾಟರ್ಲೂ ಹಲ್ಲು' ಅಂತಲೇ ಹೆಸರು ಬಂತು. ಬೇಜಾರಾದರೆ ಕ್ಷಮಿಸಿ, ಆದರೆ ಯುದ್ಧ ಅಂದರೆ ಇದೂ ಸೇರಿಯೇ ಅಲ್ವಾ.

ಈಗ ಸುದ್ದಿಯ ವೇಗ ನೋಡಿ. ಬೆಲ್ಜಿಯಂನಲ್ಲಿರುವ ವಾಟರ್ಲೂನಿಂದ ಲಂಡನ್ನಿಗೆ ಗೆಲುವಿನ ಅಧಿಕೃತ ಸುದ್ದಿ ಮುಟ್ಟಿದ್ದು ಮೂರು ದಿನದ ಮೇಲೆ, ಜೂನ್ 21ರ ರಾತ್ರಿ. ಹೆನ್ರಿ ಪರ್ಸಿ ಎಂಬ ಮೇಜರ್ ನಡೆಯುತ್ತಿದ್ದ ಪಾರ್ಟಿಯೊಂದಕ್ಕೆ ಯುದ್ಧದ ಕೊಳೆಬಟ್ಟೆಯಲ್ಲೇ ನುಗ್ಗಿ ಹೇಳಿದ. ಮೂರು ದಿನ ಅಂದರೆ ಆಗ ಬಹಳ ಬೇಗ. ಇದೇ ವರ್ಷದ ಜನವರಿ 8ರಂದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರು, ಅಮೆರಿಕನ್ನರು ಭಯಂಕರವಾಗಿ ಹೊಡೆದಾಡಿದರು. ಎರಡೂ ದೇಶದ ಪ್ರತಿನಿಧಿಗಳು ಗೆಂಟ್ ಊರಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಹದಿನೈದು ದಿನ ಆಗಿತ್ತು! ಕಾಗದ ಇನ್ನೂ ಹಡಗಿನಲ್ಲಿತ್ತು. ಬ್ರಿಟಿಷರ ಕಡೆ ಸುಮಾರು 2,000 ಜನ ಸತ್ತರು, ಗಾಯಗೊಂಡರು ಅಥವಾ ಸೆರೆಸಿಕ್ಕರು. ಸತ್ತವರಲ್ಲಿ ಅವರ ಸೇನಾಪತಿ ಪೇಕನ್‌ಹ್ಯಾಮ್ ಕೂಡ ಒಬ್ಬ. ಅವನು ವೆಲ್ಲಿಂಗ್ಟನ್‌ನ ಹೆಂಡತಿಯ ತಮ್ಮ.

ಈ ನಿಧಾನವನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಈಗ ಪೂರ್ವಕ್ಕೆ, ಇಂಡೋನೇಷ್ಯಾಕ್ಕೆ ಹೋಗೋಣ.

1815ರ ಏಪ್ರಿಲ್ 5. ಹೌದು, ಸುಲ್ತಾನಪೇಟೆ ತೋಪಿನ ರಾತ್ರಿಗೆ ಸರಿಯಾಗಿ ಹದಿನಾರು ವರ್ಷ. ಸುಮ್ನೆ ಕಾಕತಾಳೀಯ, ಅದರಲ್ಲಿ ಏನೂ ಹುಡುಕಬೇಡಿ. ಸಂಜೆ ಜಾವಾ ದ್ವೀಪದವರಿಗೆ ದೂರದಿಂದ ಢಂ ಢಂ ಅಂತ ಸದ್ದು ಕೇಳಿತು. ಫಿರಂಗಿಯೇ ಇರಬೇಕು ಅಂದುಕೊಂಡರು. ಆಗ ಜಾವಾ ಬ್ರಿಟಿಷರ ಕೈಲಿತ್ತು. ಅಧಿಕಾರಿ ಸ್ಟ್ಯಾಮ್‌ಫರ್ಡ್ ರ‍್ಯಾಫಲ್ಸ್, ಮುಂದೆ ಸಿಂಗಾಪುರಕ್ಕೆ ಅಡಿಪಾಯ ಹಾಕಿದವನು. ಪಕ್ಕದ ಠಾಣೆಯ ಮೇಲೆ ದಾಳಿ ಆಗಿದೆ ಅಂತ ಯೋಗ್ಯಕರ್ತದಿಂದ ಸೈನ್ಯ ಹೊರಟಿತು. ಯಾವುದೋ ಹಡಗು ಅಪಾಯದಲ್ಲಿದೆ ಅಂತ ಕರಾವಳಿಯಲ್ಲಿ ದೋಣಿಗಳು ಹುಡುಕಿದವು. ಮಕಸ್ಸರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 'ಬನಾರಸ್' ಹಡಗು ಕಡಲ್ಗಳ್ಳರನ್ನು ಹಿಡಿಯಲು ಹೊರಟಿತು. ಯಾರಿಗೂ ಏನೂ ಸಿಗಲಿಲ್ಲ. ಮರುದಿನ ಬೂದಿ ಉದುರಿದಾಗಲೇ ಇದು ಬೆಂಕಿಬೆಟ್ಟದ ಕೆಲಸ ಅಂತ ಹೊಳೆದದ್ದು. ಆಗಲೂ ಹತ್ತಿರದ ಯಾವುದೋ ಬೆಟ್ಟ ಅಂದುಕೊಂಡರು. ನಿಜವಾದ ಬೆಟ್ಟ ಇದ್ದದ್ದು ನೂರಾರು ಕಿಲೋಮೀಟರ್ ಆಚೆ, ಸುಂಬಾವಾ ದ್ವೀಪದಲ್ಲಿ. ಹೆಸರು ಟಾಂಬೊರಾ.

ಅಸಲಿ ಸ್ಫೋಟ ಏಪ್ರಿಲ್ 10ರ ಸಂಜೆ ಏಳರ ಹೊತ್ತಿಗೆ. ಬದುಕಿ ಉಳಿದ ಸಂಗರ್ ಎಂಬ ಚಿಕ್ಕ ರಾಜ್ಯದ ರಾಜ ಕಣ್ಣಾರೆ ಕಂಡದ್ದನ್ನು ಹೇಳಿದ್ದಾನೆ. ಬೆಟ್ಟದ ತುದಿಯಿಂದ ಬೆಂಕಿಯ ಮೂರು ಕಂಬ ಎದ್ದು, ಆಕಾಶದಲ್ಲಿ ಒಂದಾದವು. ಸ್ವಲ್ಪ ಹೊತ್ತಿಗೆ ಇಡೀ ಬೆಟ್ಟವೇ ಹರಿಯುವ ಬೆಂಕಿಯಂತೆ ಕಂಡಿತು. ಕಲ್ಲಿನ ಮಳೆ, ಕೆಲವು ಎರಡು ಮುಷ್ಟಿಯಷ್ಟು ದೊಡ್ಡವು. ಆಮೇಲೆ ಸುಂಟರಗಾಳಿ. ಮನೆ, ಮರ, ದನ, ಕುದುರೆ, ಮನುಷ್ಯರು, ಎದುರಿಗೆ ಸಿಕ್ಕಿದ್ದೆಲ್ಲ ಹಾರಿಹೋಯಿತು. ಸಮುದ್ರ ಉಕ್ಕಿ ಒಳಗೆ ಬಂತು. ಸುತ್ತಮುತ್ತ ಎರಡು ಮೂರು ದಿನ ಹಗಲೇ ಆಗಲಿಲ್ಲ. ಸದ್ದು 2,000 ಕಿಲೋಮೀಟರಿಗೂ ಹೆಚ್ಚು ದೂರದ ಸುಮಾತ್ರದಲ್ಲಿ ಕೇಳಿತು.

ಸುಮಾರು 4,300 ಮೀಟರ್ ಇದ್ದಿರಬಹುದಾದ ಬೆಟ್ಟ ಈಗ 2,850 ಮೀಟರ್. ತುದಿಯಲ್ಲಿ ಆರು ಕಿಲೋಮೀಟರ್ ಅಗಲದ ಗುಂಡಿ. ದಾಖಲಾದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಜ್ವಾಲಾಮುಖಿ ಸ್ಫೋಟದ ವರದಿ ಇಲ್ಲ. ಸ್ಫೋಟಕ್ಕೆ ಸತ್ತವರಿಗಿಂತ ಆಮೇಲೆ ಹಸಿವಿಗೆ, ರೋಗಕ್ಕೆ ಸತ್ತವರೇ ಜಾಸ್ತಿ. ಬೂದಿ ಬಿದ್ದು ಭತ್ತ ಹೋಯಿತು, ನೀರು ಕೆಟ್ಟಿತು. ಒಟ್ಟು ಸಾವು 70,000 ದಾಟಿತ್ತು ಅನ್ನುವುದು ಸಾಮಾನ್ಯ ಲೆಕ್ಕ. ರ‍್ಯಾಫಲ್ಸ್ ಅಕ್ಕಿ ಕೊಟ್ಟು ಓವನ್ ಫಿಲಿಪ್ಸ್ ಎಂಬ ಅಧಿಕಾರಿಯನ್ನು ಕಳಿಸಿದ. ದಾರಿಯುದ್ದಕ್ಕೂ ಹೆಣ, ಖಾಲಿ ಹಳ್ಳಿ. ನಾನು ಆಗಲೇ ಹೇಳಿದ ಸಂಗರ್ ರಾಜನ ಸ್ವಂತ ಮಗಳೇ ಹಸಿವಿನಿಂದ ಸತ್ತಿದ್ದಳು. ರಾಜನ ಮನೆಯಲ್ಲೇ ಹೀಗಾದರೆ ಉಳಿದವರ ಪಾಡು ಏನು?

ಬೆಟ್ಟದ ಬುಡದಲ್ಲಿ ಟಾಂಬೊರಾ ಅಂತಲೇ ಒಂದು ರಾಜ್ಯ ಇತ್ತು. ಅವರ ನುಡಿ ಸುತ್ತಲಿನ ಯಾವ ನುಡಿಗೂ ಸೇರಿದ್ದಲ್ಲ. ಆ ರಾಜ್ಯ ಹೋಯಿತು, ಜೊತೆಗೆ ನುಡಿಯೂ ಹೋಯಿತು. ಇವತ್ತು ಅದರಲ್ಲಿ ಉಳಿದಿರುವುದು ರ‍್ಯಾಫಲ್ಸ್ ಪ್ರಕಟಿಸಿದ ಐವತ್ತಕ್ಕೂ ಕಮ್ಮಿ ಪದಗಳ ಒಂದು ಪಟ್ಟಿ. 2004ರಲ್ಲಿ ಅಗೆದಾಗ ಬೂದಿಯ ಅಡಿಯಲ್ಲಿ ಸುಟ್ಟು ಇದ್ದಿಲಾದ ಒಂದು ಮನೆ ಸಿಕ್ಕಿತು, ಒಳಗಿದ್ದವರ ಮೂಳೆಗಳ ಸಮೇತ. ವಾಟರ್ಲೂಗೆ ಸಿಂಹದ ಪ್ರತಿಮೆ ಇಟ್ಟ ದಿಬ್ಬ ಇದೆ, ರೈಲ್ವೆ ಸ್ಟೇಷನ್ ಇದೆ, ಲೆಕ್ಕವಿಲ್ಲದಷ್ಟು ಪುಸ್ತಕ ಇವೆ. ಇವರಿಗೆ? ನನಗೆ ಸಿಟ್ಟು ಬರುವುದು ಇಲ್ಲಿ.

ವಾಟರ್ಲೂನ ಆ ಮಳೆಗೂ ಟಾಂಬೊರಾನೇ ಕಾರಣ ಅಂತ ಒಂದು ವಾದ ಓಡಾಡುತ್ತಿದೆ. ಎರಡೂ ಕಥೆ ಚೆನ್ನಾಗಿ ಕೂಡಿಕೊಳ್ಳುತ್ತವೆ ನಿಜ, ನನ್ನ ವಿಡಿಯೋಗೂ ಅನುಕೂಲ. ಆದರೆ ಸಾಬೀತಾಗಿಲ್ಲ. ಯುರೋಪಿನಲ್ಲಿ ಮಳೆ ಬರಲು ಬೆಂಕಿಬೆಟ್ಟವೇ ಬೇಕಾಗಿಲ್ಲ.

ಆ ವರ್ಷ ಇನ್ನೇನೇನಾಯಿತು ಅಂತ ಬೇಗ ಹೇಳಿಬಿಡುತ್ತೇನೆ. ಪೋರ್ಚುಗೀಸರಿಗೂ ಡಚ್ಚರಿಗೂ ಬಗ್ಗದಿದ್ದ ಶ್ರೀಲಂಕಾದ ಕ್ಯಾಂಡಿ ರಾಜ್ಯ ಮಾರ್ಚ್‌ನಲ್ಲಿ ಬ್ರಿಟಿಷರ ಪಾಲಾಯಿತು. ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹನನ್ನು ವೆಲ್ಲೂರಿನ ಕೋಟೆಗೆ ತಂದಿಟ್ಟರು. ಅದಕ್ಕೂ ಮೊದಲು ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಅದೇ ಕೋಟೆ. ಡಿಸೆಂಬರ್‌ನಲ್ಲಿ ನೇಪಾಳದ ಜೊತೆ ಸುಗೌಲಿ ಒಪ್ಪಂದ. ಕುಮಾವ್, ಗಢವಾಲ್ ಕೈಬದಲಾದವು, ಗೂರ್ಖಾ ಪಡೆಗಳು ಹುಟ್ಟಿದವು. ಕಲ್ಲಿದ್ದಲ ಗಣಿಗಾರರಿಗಾಗಿ ಹಂಫ್ರಿ ಡೇವಿ ಸುರಕ್ಷಿತ ದೀಪ ಮಾಡಿದ. ನವೆಂಬರ್ 2ಕ್ಕೆ ಜಾರ್ಜ್ ಬೂಲ್ ಹುಟ್ಟಿದ, ಡಿಸೆಂಬರ್ 10ಕ್ಕೆ ಏಡಾ ಲವ್‌ಲೇಸ್. ನೀವು ಈ ವಿಡಿಯೋ ನೋಡುತ್ತಿರುವ ಫೋನಿನ ಒಳಗಿನ ಲೆಕ್ಕಾಚಾರಕ್ಕೆ ಬೂಲ್‌ನ ಗಣಿತವೇ ತಳಹದಿ. ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಏಡಾ ನೆನಪಾಗುತ್ತಾಳೆ. ಐದೂವರೆ ವಾರದ ಅಂತರ!

ನೆಪೋಲಿಯನ್ ಕಥೆ ಮುಗಿಸಿಬಿಡೋಣ. ಅಕ್ಟೋಬರ್‌ನಲ್ಲಿ ಅವನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ತಂದರು. ಅವನ ಮನೆ ಇನ್ನೂ ರೆಡಿ ಇರಲಿಲ್ಲ. ಬಾಲ್‌ಕೂಂಬ್ ಎಂಬವರ ತೋಟದ ಮನೆಯಲ್ಲಿ ಇರಿಸಿದರು. 1805ರಲ್ಲಿ ಇಂಡಿಯಾದಿಂದ ಊರಿಗೆ ಮರಳುವಾಗ ವೆಲ್ಲೆಸ್ಲಿ ಉಳಿದುಕೊಂಡಿದ್ದೂ ಅಲ್ಲೇ. ಪ್ಯಾರಿಸ್‌ನಲ್ಲಿ ನೆಪೋಲಿಯನ್‌ನ ಅರಮನೆಯಲ್ಲಿ ಕುಳಿತು ವೆಲ್ಲಿಂಗ್ಟನ್ ಪತ್ರ ಬರೆದ. ನನಗೆ ಅವನ ಕೋಣೆ ಹಿಡಿಸಿದೆ, ಅವನಿಗೆ ನನ್ನದು ಹಿಡಿಸಿರಬಹುದು ಅಂತ ತಿಳಿಸಿ, ಅಂತ. ಗೆದ್ದವರಿಗೆ ಜೋಕು ಸುಲಭ.

ಟಾಂಬೊರಾದ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಗಂಧಕದ ಅನಿಲ ಮೇಲಿನ ಗಾಳಿಪದರಕ್ಕೆ ಏರಿ, ಭೂಮಿಯ ಸುತ್ತ ತೆಳುವಾದ ಪರದೆಯಾಗಿ ಹರಡಿತು. ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅರ್ಧ ಡಿಗ್ರಿ ತಾನೇ ಅನ್ನಬೇಡಿ. 1816ರ ಜೂನ್‌ನಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ ಹಿಮ ಬಿತ್ತು. ಸ್ವಿಟ್ಜರ್ಲೆಂಡ್, ಜರ್ಮನಿ ಕಡೆ ಬೆಳೆ ಕೊಳೆತು ಬ್ರೆಡ್ಡಿಗೆ ಗಲಾಟೆ ಆಯಿತು. ಚೀನಾದ ಯುನ್ನಾನ್‌ನಲ್ಲಿ ಬರಗಾಲ. ಇಂಡಿಯಾದಲ್ಲಿ ಮುಂಗಾರು ಏರುಪೇರಾಯಿತು.

ಕಾರಣ ಏನು ಅಂತ ಆಗ ಯಾರಿಗೂ ಗೊತ್ತಾಗಲಿಲ್ಲ. ಆ ವರ್ಷ ಸೂರ್ಯನ ಮೇಲಿನ ಕಲೆಗಳು ಬರಿಗಣ್ಣಿಗೇ ಕಾಣುತ್ತಿದ್ದವು, ಹಾಗಾಗಿ ತಪ್ಪು ಅವುಗಳ ತಲೆಗೆ ಬಿತ್ತು. ಇಟಲಿಯ ಬೊಲೊನ್ಯಾದ ಖಗೋಳಜ್ಞನೊಬ್ಬ 1816ರ ಜುಲೈ 18ಕ್ಕೆ ಪ್ರಪಂಚ ಮುಗಿಯುತ್ತದೆ ಅಂದ. ಜನ ನಂಬಿದರು, ಅತ್ತರು, ಚರ್ಚುಗಳಿಗೆ ಓಡಿದರು. ಹಿಂದಿನ ವರ್ಷ ಜಾವಾದಲ್ಲಿ ಫಿರಂಗಿ ಹುಡುಕಿದ್ದರಲ್ಲ, ಇದೂ ಅದೇ. ಬೂದಿ ಮತ್ತು ಚಳಿಯ ನಡುವಿನ ಗಂಟನ್ನು ಸರಿಯಾಗಿ ಬಿಡಿಸಿದ್ದು ಅಮೆರಿಕದ ಹವಾಮಾನ ವಿಜ್ಞಾನಿ ವಿಲಿಯಂ ಹಂಫ್ರೀಸ್, 20ನೇ ಶತಮಾನದ ಆರಂಭದಲ್ಲಿ. ಅಷ್ಟು ಹೊತ್ತಿಗೆ ಸುಮಾರು ನೂರು ವರ್ಷ ಕಳೆದಿತ್ತು.

ಸ್ಫೋಟಕ್ಕೆ ಇನ್ನೂರು ವರ್ಷ ತುಂಬಿದ 2015ರಲ್ಲಿ ಇಂಡೋನೇಷ್ಯಾ ಟಾಂಬೊರಾವನ್ನು ರಾಷ್ಟ್ರೀಯ ಉದ್ಯಾನ ಮಾಡಿತು. ಚಾರಣಕ್ಕೆ ಬಿಡುತ್ತಾರೆ. ಪಂಚಶೀಲ ಎಂಬ ಹಳ್ಳಿಯಿಂದ ಹತ್ತುವ ದಾರಿ ಹೆಸರುವಾಸಿ. ಬಾಲಿಗೆ ಹೋಗುವ ಕನ್ನಡಿಗರು ಎಷ್ಟೊಂದು ಜನ ಇದ್ದೀರಿ, ಅಲ್ಲಿಂದ ಬೀಮಾ ಊರಿಗೆ ವಿಮಾನ ಹಿಡಿದು ಆ ಗುಂಡಿಯ ಅಂಚಿನವರೆಗೆ ಹೋಗಿಬಂದವರು ಯಾರಾದರೂ ಇದ್ದರೆ ಕಮೆಂಟಿನಲ್ಲಿ ಬರೆಯಿರಿ. ಖರ್ಚು ಎಷ್ಟಾಯಿತು ಅನ್ನುವುದನ್ನೂ ಹಾಕಿ.